ಯೆಜ್ಡಿಯ ತುಕ್ಕಿಗೆ ನೀರು ಬಿಟ್ಟ ಬೆಲ್ಲ

ಹಳೆಯ ಯೆಜ್ಡಿ ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಬೆಲ್ಲದ ನೀರು ಹಾಕಿ ತುಕ್ಕು ಬಿಡಿಸುತ್ತೇನೆ ಎಂದಾಗ ನಮ್ಮ ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ನನ್ನ ಮುಖ ನೋಡಿದರು. "ಎರಡು ಏಲಕ್ಕಿಯನ್ನೂ ಹಾಕಿಬಿಡಿ ಸ್ವಾಮಿ, ಪಾನಕವಾದರೂ ಆದೀತು" ಎಂದರು. ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸುತ್ತಿದ್ದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಅಲ್ಲಿ ದುಡಿದ ಕೈ ಅದು. ಎದುರು ಮಾತಾಡಲಿಲ್ಲ. ಮನೆಗೆ ಬಂದು ಹಾಕಿದೆ.

ಗಾಡಿ 1976ರ ಯೆಜ್ಡಿ 250, ನನ್ನ ಸೋದರಮಾವನದು. ಮದ್ದೂರಿನ ಕಡೆಯ ಹಳ್ಳಿಯಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ, ಹುಲ್ಲಿನ ಹೊರೆ ಹೊತ್ತು ಹತ್ತೊಂಬತ್ತೋ ಇಪ್ಪತ್ತೋ ವರ್ಷ ನಿಂತಿತ್ತು. ಮಾವ ದುಡ್ಡು ಬೇಡ ಎಂದರು. ಅತ್ತೆ 8,000 ಎಣಿಸಿಕೊಂಡರು. ಗಂಜಲದ ಹಬೆಗೆ ಮಡ್‌ಗಾರ್ಡಿನ ಒಳಮೈ ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿತ್ತು. ಟ್ಯಾಂಕ್ ಅಲ್ಲಾಡಿಸಿದರೆ ಗೆಜ್ಜೆಯ ಸದ್ದು.

ಮೊದಲು ನಾನೂ ಎಲ್ಲರೂ ಮಾಡುವುದನ್ನೇ ಮಾಡಿದೆ. ತುಕ್ಕು ಕೀಳಲು ಮುಂದಿನ ಮಡ್‌ಗಾರ್ಡಿಗೆ ಗಾಳಿಯ ಒತ್ತಡದಲ್ಲಿ ಮರಳು ಹೊಡೆಸಿದೆ. ವಾಪಸು ಬಂದದ್ದನ್ನು ಬಿಸಿಲಿಗೆ ಹಿಡಿದರೆ ಜರಡಿ. ಅದಕ್ಕೆ ಕೊಟ್ಟದ್ದು 1,200, ಬೇರೊಂದು ಹಳೆಯ ಮಡ್‌ಗಾರ್ಡ್ ಹುಡುಕಿ ತರಲು ಮತ್ತೆ 2,500. ಟ್ಯಾಂಕಿಗೆ ಶೌಚಾಲಯ ತೊಳೆಯುವ ಆಸಿಡ್ ಸುರಿದೆ. ಅರ್ಧ ಗಂಟೆಯಲ್ಲಿ ಒಳಗೆಲ್ಲ ಬೆಳ್ಳಿ! ತೊಳೆದು, ಊಟ ಮುಗಿಸಿ ಬರುವಷ್ಟರಲ್ಲಿ ಬೆಳ್ಳಿಯ ಮೇಲೆ ಕಿತ್ತಳೆ ಬಣ್ಣ ಕೂತಿತ್ತು. ಹಟಕ್ಕೆ ಬಿದ್ದು ಮೂರು ಸಲ ಸುರಿದೆ. ಮೂರನೆಯ ಸಲಕ್ಕೆ ತಳದ ಅಂಚಿನಲ್ಲಿ ಸೂಜಿಮೊನೆಯಷ್ಟು ಎರಡು ತೂತು ಬಿದ್ದವು, ಅವನ್ನು ಹಿತ್ತಾಳೆ ಕರಗಿಸಿ ಮುಚ್ಚುವ ಬ್ರೇಜಿಂಗಿಗೆ 600 ಹೋಯಿತು. ಆಸಿಡ್ಡಿಗೆ ತುಕ್ಕೂ ಒಂದೇ, ತಗಡೂ ಒಂದೇ. ಮನೆಯಲ್ಲಿ ದೀಪದ ಕಂಬ ಉಜ್ಜುವುದನ್ನು ನೋಡಿ ಹುಣಸೆಹಣ್ಣನ್ನೂ ಪರೀಕ್ಷಿಸಿದೆ. ಕಾರ್ಬೊರೇಟರಿನ ಹಿತ್ತಾಳೆ ಜೆಟ್ಟುಗಳು ಚಿನ್ನವಾದವು. ಟ್ಯಾಂಕಿನ ದಪ್ಪ ತುಕ್ಕನ್ನು ಮಾತ್ರ ಅದು ನೆಕ್ಕಿ ಬಿಟ್ಟಿತು, ಅಷ್ಟೇ.

ಬೆಲ್ಲದ ಯೋಚನೆ ಬಂದದ್ದು ಕಾಳಹಸ್ತಿಯಿಂದ ತಂದಿದ್ದ ಕಲಂಕಾರಿ ಬಟ್ಟೆಯಿಂದ. ಅದರ ಕಪ್ಪು ಬಣ್ಣಕ್ಕೆ ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ವಾರಗಟ್ಟಲೆ ಕೊಳೆಹಾಕುತ್ತಾರೆ. ಅವರಿಗೆ ಬೇಕಾದದ್ದು ತುಕ್ಕು ಕರಗಿದ ನೀರು, ನನಗೆ ಬೇಕಾದದ್ದು ತುಕ್ಕು ಬಿಟ್ಟ ಕಬ್ಬಿಣ. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ, ಕಾಕಂಬಿ, ಇನ್ನೂ ಚೆನ್ನ ಎನ್ನುತ್ತಾರೆ, ಆದರೆ ಅದು ಸಾರಾಯಿಯ ಕಚ್ಚಾವಸ್ತು; ಕಾಕಂಬಿಯ ಸಹವಾಸ ಮಾಡಿ ಅಬಕಾರಿಯವರಿಗೆ ಉತ್ತರ ಹೇಳುವವರು ಯಾರು? ನಮ್ಮ ಕಡೆ ಆಲೆಮನೆಗಳಿಗೇನು ಬರವೇ! ಅಚ್ಚಿನಲ್ಲಿ ಕೂರದೆ ನೀರು ಬಿಟ್ಟ ಬೆಲ್ಲ ಕಿಲೋಗೆ ಹದಿನೆಂಟು ಇಪ್ಪತ್ತು ರೂಪಾಯಿಗೆ ಸಿಕ್ಕಿತು. ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಗೆ ಸುಮಾರು 9 ಕಿಲೋ, ಟ್ಯಾಂಕಿಗೆ ಒಂದೂವರೆ. ತಣ್ಣೀರಿನಲ್ಲಿ ಕದಡಿದರೆ ಸಾಕು.

ಸಂಕ್ರಾಂತಿ ಕಳೆದ ವಾರ ಶುರು ಮಾಡಿದೆ. ಹತ್ತು ದಿನ ಏನೂ ಆಗಲಿಲ್ಲ, ಇರುವೆ ಮಾತ್ರ ಬಂತು. ಆಮೇಲೆ ನೊರೆ ಎದ್ದಿತು, ಹುಳಿ ವಾಸನೆ ಎದ್ದಿತು. ಪಕ್ಕದ ಮನೆಯವರು ಎರಡು ದಿನ ಮೂಗು ಮುಚ್ಚಿಕೊಂಡು, ಮೂರನೆಯ ದಿನ ಬಂದು ಮೆಲ್ಲಗೆ "ಲೀಟರ್ ಎಷ್ಟು?" ಎಂದು ಕೇಳಿದರು. ನಾನು ಮಾಡಿದ ಪೆದ್ದುತನವೆಂದರೆ ಇರುವೆಗೆ ಹೆದರಿ ಟ್ಯಾಂಕಿನ ಬಾಯಿಗೆ ಬಿಗಿಯಾಗಿ ಬಿರಡೆ ಜಡಿದದ್ದು. ಹುಳಿಯುವ ವಸ್ತುವಿಗೆ ಉಸಿರು ಬೇಡವೇ? ಒಂದು ರಾತ್ರಿ ಬಿರಡೆ ಹಾರಿ, ಸುಣ್ಣ ಬಳಿದ ಗೋಡೆಯ ಮೇಲೆ ಆಳೆತ್ತರಕ್ಕೆ ಕಪ್ಪು ನೀರು ಚಿಮ್ಮಿತು. ಆ ಕಲೆ ಈಗಲೂ ಇದೆ. ಇನ್ನೊಂದು ಪೆದ್ದುತನ ದುಬಾರಿಯಾಯಿತು: ಕಬ್ಬಿಣದ ಚೂರುಗಳ ಜೊತೆ ಕಾರ್ಬೊರೇಟರಿನ ಮುಚ್ಚಳವೂ ಡ್ರಮ್ಮಿಗೆ ಬಿದ್ದುಹೋಗಿತ್ತು. ಹೊರತೆಗೆದಾಗ ಅದು ಇಲಿ ಕಚ್ಚಿದ ರೊಟ್ಟಿಯಂತಿತ್ತು. ಅಲ್ಯೂಮಿನಿಯಂ, ಸತು ಯಾವುದನ್ನೂ ಈ ನೀರಿನ ಹತ್ತಿರಕ್ಕೆ ಬಿಡಬೇಡಿ. ಟ್ಯಾಂಕಿನ ತಳದ ಪೆಟ್ರೋಲ್ ನಲ್ಲಿಯನ್ನು (ಪೆಟ್ರೋಲ್ ಕಾಕ್) ಬಿಚ್ಚಿ ಎತ್ತಿಡಿ. ಆ ತೂತನ್ನು ನಾನು ಮುಚ್ಚಿದ್ದು ಹೇಗೆ ಎಂಬುದು ನನ್ನ ಬಳಿಯೇ ಇರಲಿ. ಅದನ್ನು ಕಲಿಯಲು ನಾಲ್ಕು ಸಲ ನೆಲ ಒರೆಸಿದ್ದೇನೆ.

ಇಪ್ಪತ್ತೈದನೆಯ ದಿನ ಟ್ಯಾಂಕ್ ಬರಿದು ಮಾಡಿದೆ. ಒಳಗೆ ಕೊಳಾಯಿ ನೀರು ಬಿಟ್ಟಾಗ ಮಸಿಯಂಥ ಕಪ್ಪು ಲೋಳೆ ಹೊರಗೆ ಬಂತು. ಮೊಬೈಲಿನ ಬೆಳಕು ಬಿಟ್ಟು ಇಣುಕಿದರೆ ಹೊಳಪಿಲ್ಲದ ಬೂದು ಬಣ್ಣದ ತಗಡು. ಅಂಚಿನುದ್ದಕ್ಕೂ ವೆಲ್ಡಿಂಗಿನ ಗುರುತುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಬೆರಳಿನಿಂದ ಒರೆಸಿದೆ. ಬೆರಳಿಗೆ ಕಪ್ಪು ಹತ್ತಿತು, ಕೆಂಪು ಹತ್ತಲಿಲ್ಲ. ಇಲ್ಲಿ ಕೈ ನಿಲ್ಲಿಸಬಾರದು. ಸೋಡಾ ಪುಡಿಯ ನೀರಿನಲ್ಲಿ ಜಾಲಿಸಿ, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಕೊಟ್ಟು, ಬಿಸಿ ಆರುವ ಮೊದಲೇ ಪೆಟ್ರೋಲಿಗೆ ಧಾರಾಳವಾಗಿ 2ಟಿ ಎಣ್ಣೆ (ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬೆರೆಸಿ ಒಳಗೆಲ್ಲ ಆಡಿಸಬೇಕು. ತಡವಾದರೆ ಆಸಿಡ್ಡಿನ ಕಥೆಯೇ ಮತ್ತೆ. ಏಪ್ರಿಲ್ ಬಿಸಿಲಿನಲ್ಲಿ ರಿಮ್ಮು, ಸ್ಟ್ಯಾಂಡು, ಚೈನ್ ಕವರುಗಳ ಎರಡನೆಯ ಸುತ್ತು ಹನ್ನೆರಡೇ ದಿನಕ್ಕೆ ಮುಗಿಯಿತು. ಚಳಿಗಾಲದಲ್ಲಿ ಮಾಡಿ ಬೈದುಕೊಳ್ಳಬೇಡಿ.

ಆ ಕಪ್ಪು ನೀರನ್ನು ಚೆಲ್ಲಲು ಮನಸ್ಸಾಗಲಿಲ್ಲ. ಅಳಲೆಕಾಯಿ ಕುದಿಸಿ, ಆ ಕಷಾಯದಲ್ಲಿ ಹಳೆಯ ಪಂಚೆಯ ಚೂರನ್ನು ನೆನೆಸಿ ಒಣಗಿಸಿ, ಟ್ಯಾಂಕಿನ ನೀರಿಗೆ ಅದ್ದಿದೆ. ಕಣ್ಣೆದುರೇ ಕಾಡಿಗೆಯಂತೆ ಕಪ್ಪಾಯಿತು. ಎಂಟು ಒಗೆತವಾದರೂ ಬಿಟ್ಟಿಲ್ಲ. ಈಗ ಅದು ಸೀಟು ಒರೆಸುವ ಬಟ್ಟೆ. ಅಳಲೆಕಾಯಿಗೆ ಕೊಟ್ಟ 60 ರೂಪಾಯಿ ಯಾವ ಲೆಕ್ಕಕ್ಕೆ ಬರೆಯುವುದೋ ಗೊತ್ತಾಗಲಿಲ್ಲ.

ಎಂಜಿನ್ನಿನ ಬಗ್ಗೆ ಬೆಳೆಸುವುದಿಲ್ಲ. ಬೋರು, ಪಿಸ್ಟನ್, ಕ್ರ್ಯಾಂಕು ಎಲ್ಲ ಸೇರಿ 14,000ದ ಆಸುಪಾಸು. ಅಷ್ಟು ಸುರಿದವನು ಕ್ಲಚ್ ಕಡೆಯ ಆಯಿಲ್ ಸೀಲಿನಲ್ಲಿ, ಅಂದರೆ ಎಣ್ಣೆ ತಡೆಯುವ ರಬ್ಬರ್ ಬಳೆಯಲ್ಲಿ, ನಲವತ್ತು ರೂಪಾಯಿ ಉಳಿಸಲು ಹೋದೆ. ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಎರಡೂ ಸೈಲೆನ್ಸರಿನಲ್ಲಿ ಮದುವೆಮನೆಯ ಸೌದೆ ಒಲೆಯ ಹೊಗೆ, ಗೇರ್ ಬಾಕ್ಸಿನ ಎಣ್ಣೆ ಅರ್ಧಕ್ಕರ್ಧ ಖಾಲಿ. ಆ ಸೀಲು ಹೋದರೆ ಎಂಜಿನ್ನು ಗೇರಿನ ಎಣ್ಣೆಯನ್ನೇ ಹೀರಿ ಸುಡುತ್ತದೆ ಎಂಬುದು ಗೊತ್ತಿದ್ದೂ ಮಾಡಿದ ತಪ್ಪು. ಎಂಜಿನ್ನನ್ನು ಮತ್ತೆ ಇಳಿಸಿದೆ. ಟೈಮಿಂಗ್ ಮಾತ್ರ, ಪಿಸ್ಟನ್ ತುದಿ ಮುಟ್ಟಲು ಮೂರು ಮಿಲಿಮೀಟರ್ ಇರುವಾಗ ಕಿಡಿ ಹಾರುವಂತೆ, ಯಾರ ಕೈಯನ್ನೂ ಕಾಯದೆ ನಾನೇ ಕೂರಿಸಿದೆ, ಮೊದಲ ಕಿಕ್ಕಿಗೇ ಹತ್ತಿತು. ಸರಿ, ಎರಡನೆಯದಕ್ಕೆ.

ಕ್ರೋಮು, ಬಣ್ಣ, ಟೈರು, ವೈರಿಂಗು ಎಲ್ಲ ಕೂಡಿದರೆ ಅತ್ತೆಯ 8,000 ಸೇರಿ 47,000 ದಾಟಿದೆ. ಮನೆಯಲ್ಲಿ ಹೇಳಿರುವ ಲೆಕ್ಕ ಬೇರೆ. ಅದರಲ್ಲಿ ಎರಡೂ ಸುತ್ತಿನ ಬೆಲ್ಲದ ಪಾಲು 400 ಚಿಲ್ಲರೆ.

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ, ಯೆಜ್ಡಿ ಸವಾರರು ಸೇರುವ ಜಾವಾ ದಿನವಲ್ಲವೇ, ಅದಕ್ಕೆ ಮದ್ದೂರಿನಿಂದ ಮೈಸೂರಿಗೆ ಹಳೆಯ ರಸ್ತೆಯಲ್ಲಿ ಓಡಿಸಿಕೊಂಡು ಹೋದೆ. ಲೀಟರ್ ಪೆಟ್ರೋಲಿಗೆ ನಲವತ್ತು ಎಂಎಲ್ 2ಟಿ ಎಣ್ಣೆ. ಶ್ರೀರಂಗಪಟ್ಟಣದಲ್ಲಿ ಕಾಫಿಗೆ ನಿಂತದ್ದು ಬಿಟ್ಟರೆ ಎಲ್ಲಿಯೂ ಕೈಕೊಡಲಿಲ್ಲ. ಮೇಸ್ತ್ರಿಯ ಮುಂದೆ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆದೆ. ಟಾರ್ಚ್ ಹಿಡಿದು ನೋಡಿದರು, ಪೆಟ್ರೋಲ್ ಫಿಲ್ಟರ್ ಬಿಚ್ಚಿ ನೋಡಿದರು, ಬೆರಳಿನಲ್ಲಿ ಉಜ್ಜಿ ಮೂಸಿಯೂ ನೋಡಿದರು.

"ಈ ಟ್ಯಾಂಕ್ ಮೊದಲೇ ಚೆನ್ನಾಗಿತ್ತು ಬಿಡಿ" ಎಂದರು.

ಹೊರಡುವಾಗ, ಆ ಆಲೆಮನೆ ಮದ್ದೂರಿನಿಂದ ಯಾವ ಕಡೆಗೆ ಬರುತ್ತದೆ ಎಂದು ಕೇಳಿದರು.