ಮನೆ ಕೊಳ್ಳುವವರು ಏಜೆಂಟರ ಕಮಿಷನ್ನನ್ನೂ ‘ಗುಳ್ಳೆ’ಯ ಸುದ್ದಿಯನ್ನೂ ಅಳೆಯುವ ಬಗೆ

ಮನೆ ಕೊಳ್ಳಲು ಹೊರಟವರ ಕಿವಿಗೆ ಎರಡು ದನಿಗಳು ಒಟ್ಟಿಗೆ ಬೀಳುತ್ತವೆ. ಇಂದೇ ಮುಂಗಡ ಕೊಡದಿದ್ದರೆ ಈ ಮನೆ ಕೈತಪ್ಪುತ್ತದೆ ಎನ್ನುವ ಏಜೆಂಟರ ದನಿ ಒಂದು; ಬೆಲೆ ಹೊಸ ದಾಖಲೆ ಮುಟ್ಟಿದೆ ಎಂದು ಒಂದು ವಾರ, ಆಧಾರವಿಲ್ಲದೆ ಉಬ್ಬಿದ ಬೆಲೆಯ ಗುಳ್ಳೆ ಇನ್ನೇನು ಒಡೆಯಲಿದೆ ಎಂದು ಮರುವಾರ ಸಾರುವ ಪತ್ರಿಕೆ, ಟಿವಿಗಳ ದನಿ ಇನ್ನೊಂದು. ಇವರು ಸುಳ್ಳು ಹೇಳುತ್ತಾರೆಂದು ಶಂಕಿಸಬೇಕಿಲ್ಲ. ಆದರೆ ಏಜೆಂಟರಿಗೆ ವರಮಾನ ಬರುವುದು ವ್ಯವಹಾರ ಕುದುರಿದಾಗ, ಮಾಧ್ಯಮಕ್ಕೆ ಬರುವುದು ಓದುಗರೂ ಜಾಹೀರಾತುಗಳೂ ದೊರೆತಾಗ. ಇಪ್ಪತ್ತು ವರ್ಷ ಕಂತು ಕಟ್ಟಬೇಕಾದವರು ಮಾತ್ರ ನೀವು. ಆದ್ದರಿಂದ ಇಬ್ಬರ ಮಾತನ್ನೂ ಕೇಳಿಸಿಕೊಳ್ಳುವ ಮೊದಲು, ಈ ಮಾತು ನಿಜವಾದರೆ ಯಾರಿಗೆ ಲಾಭ ಮತ್ತು ಈ ಅಂಕಿ ಅಳೆಯುತ್ತಿರುವುದು ಏನನ್ನು ಎಂಬ ಎರಡು ಪ್ರಶ್ನೆಗಳನ್ನು ಇಟ್ಟುಕೊಳ್ಳಿ.

ಕಮಿಷನ್: ಹಣ ಯಾರದು, ಹಿತ ಯಾರದು

ಮನೆ ತೋರಿಸುತ್ತಿರುವ ವ್ಯಕ್ತಿ ಯಾರ ಪರ ಎಂಬುದನ್ನು ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ. ಕೆಲವರು ಮಾರುವವರ ಪರ, ಕೆಲವರು ಕೊಳ್ಳುವವರ ಪರ, ಇನ್ನು ಕೆಲವರು ಎರಡೂ ಕಡೆಯವರ ಪರ ಕೆಲಸ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಎಸ್ಟೇಟ್ ಏಜೆಂಟರನ್ನು ಸಾಮಾನ್ಯವಾಗಿ ಮಾರುವವರೇ ನೇಮಿಸಿ ಶುಲ್ಕ ಕೊಡುತ್ತಾರೆ. ಹಾಗಾಗಿ ನಿಮಗೆ ಎಷ್ಟೇ ಆದರದಿಂದ ಮನೆ ತೋರಿಸಿದರೂ ಅವರ ನಿಷ್ಠೆ ಅತ್ತ ಕಡೆಗೆ. ಜಪಾನಿನಲ್ಲಿ ಶುಲ್ಕಕ್ಕೆ ಕಾನೂನಿನ ಮಿತಿಯಿದೆ: 80 ಲಕ್ಷ ಯೆನ್‌ಗಿಂತ ದೊಡ್ಡ ವ್ಯವಹಾರದಲ್ಲಿ ಒಂದು ಕಡೆಯಿಂದ ಬೆಲೆಯ 3% ಹಾಗೂ 60,000 ಯೆನ್, ಅದರ ಮೇಲೆ ತೆರಿಗೆ. ಅಮೆರಿಕದಲ್ಲಿ ಬಹುಕಾಲ ಮಾರುವವರು ಬೆಲೆಯ 5ರಿಂದ 6% ಕೊಟ್ಟು, ಅದನ್ನು ಎರಡೂ ಕಡೆಯ ಏಜೆಂಟರು ಹಂಚಿಕೊಳ್ಳುವ ರೂಢಿಯಿತ್ತು.

ಈ ರೂಢಿಯಿಂದಲೇ ‘ಕಮಿಷನ್ ಕೊಡುವವರು ಮಾರುವವರು, ನಿಮಗೇನೂ ಖರ್ಚಿಲ್ಲ’ ಎಂಬ ಮಾತು ಹುಟ್ಟಿತು. ವ್ಯವಹಾರಕ್ಕೆ ಹಣ ತರುವವರು ಕೊಳ್ಳುವವರೊಬ್ಬರೇ ಆಗಿರುವಾಗ, ಮತ್ತು ಮಾರುವವರು ಕಮಿಷನ್ ಕಳೆದು ಕೈಗೆಷ್ಟು ಉಳಿಯುತ್ತದೆಂದು ನೋಡಿಯೇ ಬೆಲೆ ಹೇಳುವಾಗ, ಈ ಮಾತನ್ನು ಪೂರ್ತಿ ಒಪ್ಪುವುದು ಕಷ್ಟ. ಅಮೆರಿಕದಲ್ಲಿ ಮನೆ ಮಾರಿದವರೇ ಈ ರೂಢಿಯನ್ನು ನ್ಯಾಯಾಲಯಕ್ಕೆ ಒಯ್ದರು. 2023ರ ಅಕ್ಟೋಬರಿನಲ್ಲಿ ಮಿಸೌರಿಯ ಜ್ಯೂರಿ ಅವರ ಪರ ತೀರ್ಪಿತ್ತಿತು. 2024ರ ಮಾರ್ಚ್‌ನಲ್ಲಿ ಅಲ್ಲಿನ ರಾಷ್ಟ್ರೀಯ ರಿಯಾಲ್ಟರುಗಳ (ಮನೆ ಏಜೆಂಟರ) ಸಂಘ 41.8 ಕೋಟಿ ಡಾಲರಿನ ರಾಜಿಗೆ ಒಪ್ಪಿತು. 2024ರ ಆಗಸ್ಟ್ 17ರಿಂದ, ಕೊಳ್ಳುವವರ ಏಜೆಂಟರಿಗೆ ಇಷ್ಟು ಕಮಿಷನ್ ಎಂದು ಮಾರಾಟಕ್ಕಿರುವ ಮನೆಗಳ ವಿವರವನ್ನು ಏಜೆಂಟರು ಹಂಚಿಕೊಳ್ಳುವ ಸಾಮೂಹಿಕ ಪಟ್ಟಿಯಲ್ಲಿ ಪ್ರಕಟಿಸುವುದು ನಿಂತಿತು. ಮನೆ ತೋರಿಸುವ ಮೊದಲೇ ಕೊಳ್ಳುವವರೊಡನೆ ಶುಲ್ಕ ನಮೂದಿಸಿದ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಶುಲ್ಕವು ಕಾನೂನು ನಿಗದಿಪಡಿಸಿದ್ದಲ್ಲ, ಮಾತುಕತೆಗೆ ಒಳಪಟ್ಟದ್ದು ಎಂದು ಆ ಒಪ್ಪಂದದಲ್ಲೇ ಬರೆದಿರಬೇಕು. ನೀವು ಯಾವ ದೇಶದಲ್ಲಿ ಕೊಂಡರೂ ಈ ಲಿಖಿತ ಒಪ್ಪಂದದ ಪದ್ಧತಿಯನ್ನು ನೀವಾಗಿಯೇ ಪಾಲಿಸುವುದು ಒಳ್ಳೆಯದು.

ಇನ್ನು ಲೆಕ್ಕ. ಮನೆಯ ಬೆಲೆ ನೂರು, ನಿಮ್ಮ ಏಜೆಂಟರ ಕಮಿಷನ್ 2% ಎಂದುಕೊಳ್ಳಿ. ಅವರು ಇನ್ನೂ ಮೂರು ವಾರ ಚೌಕಾಸಿ ಮಾಡಿ ಬೆಲೆಯನ್ನು 95ಕ್ಕೆ ಇಳಿಸಿದರೆ ನಿಮಗೆ 5 ಉಳಿಯುತ್ತದೆ, ಅವರ ವರಮಾನ 2ರಿಂದ 1.9ಕ್ಕೆ ಇಳಿಯುತ್ತದೆ. ಅಂದರೆ ಹೆಚ್ಚು ದುಡಿದದ್ದಕ್ಕೆ ಅವರಿಗೆ ಸಿಗುವುದು ಕಡಿಮೆ ಹಣ, ಜೊತೆಗೆ ವ್ಯವಹಾರ ಮುರಿದುಬೀಳುವ ಭಯ. ಮಾರುವವರ ಏಜೆಂಟರಿಗೂ ಇದೇ ಸಮಸ್ಯೆ ಮಗ್ಗುಲು ಬದಲಿಸಿ ಎದುರಾಗುತ್ತದೆ: ಬೆಲೆಯನ್ನು ಇನ್ನೂ 3 ಏರಿಸಲು ಕಾದರೆ ಅವರಿಗೆ ದಕ್ಕುವುದು ಚಿಲ್ಲರೆ. ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಅಮೆರಿಕದ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಜೆಂಟರು ತಮ್ಮ ಸ್ವಂತ ಮನೆಗಳನ್ನು ಮಾರಿದಾಗ ಅವು ಗಿರಾಕಿಗಳ ಅಂಥವೇ ಮನೆಗಳಿಗಿಂತ ಸುಮಾರು 3.7% ಹೆಚ್ಚು ಬೆಲೆಗೆ ಹೋದವು, ಮಾರುಕಟ್ಟೆಯಲ್ಲಿ ಸುಮಾರು ಒಂಬತ್ತೂವರೆ ದಿನ ಹೆಚ್ಚು ಉಳಿದವು ಎಂದು ಕಂಡುಬಂದಿತು. ಕಾದರೆ ಲಾಭವೆಂದು ಬಲ್ಲವರು ತಮಗಾಗಿ ಕಾಯುತ್ತಾರೆ, ಗಿರಾಕಿಗಾಗಿ ಅಷ್ಟು ಕಾಯುವುದಿಲ್ಲ. ಇದರಲ್ಲಿ ದುರುದ್ದೇಶವಿರಬೇಕೆಂದೇನೂ ಇಲ್ಲ. ಶುಲ್ಕದ ರಚನೆಯೇ ಹಾಗಿದೆ.

ರಚನೆ ಹಾಗಿದ್ದರೆ ಅದನ್ನು ಬದಲಿಸಲು ಕೇಳಿ. ಶೇಕಡಾವಾರು ಕಮಿಷನ್ ಬದಲು ನಿಗದಿತ ಮೊತ್ತವನ್ನು ಸೂಚಿಸಬಹುದು, ಇಲ್ಲವೇ ಕೇಳಿದ ಬೆಲೆಗಿಂತ ಎಷ್ಟು ಇಳಿಸಿದರೆ ಅದರಲ್ಲಿ ಇಷ್ಟು ಪಾಲು ಎಂದು ಸೇರಿಸಬಹುದು. ಎರಡನೆಯದರಲ್ಲಿ ಒಂದು ಅಪಾಯವಿದೆ: ಕೇಳಿದ ಬೆಲೆಯೇ ಉಬ್ಬಿಸಿದ್ದಾಗಿದ್ದರೆ ಇಳಿಕೆ ಬರೀ ತೋರಿಕೆಯದಾಗುತ್ತದೆ. ಆದ್ದರಿಂದ ಸರಳವಾದ ನಿಗದಿತ ಮೊತ್ತವೇ ನನಗೆ ಹೆಚ್ಚು ಸರಿಯೆನಿಸುತ್ತದೆ.

ಒಪ್ಪಂದದಲ್ಲಿ ಶುಲ್ಕ ಎಷ್ಟು ಎಂಬುದಕ್ಕಿಂತ ಅದು ಯಾವಾಗ, ಯಾವುದರ ಮೇಲೆ ಎಂಬುದರಲ್ಲೇ ಹೆಚ್ಚಿನ ಜಗಳಗಳು ಹುಟ್ಟುತ್ತವೆ. ಕಮಿಷನ್ ಬಾಕಿಯಾಗುವುದು ಮುಂಗಡ ಕೊಟ್ಟಾಗಲೋ ನೋಂದಣಿಯಾದಾಗಲೋ? ಪೀಠೋಪಕರಣ, ವಾಹನ ನಿಲುಗಡೆಗೆಂದು ಪ್ರತ್ಯೇಕವಾಗಿ ಕೊಡುವ ಹಣಕ್ಕೂ ಅದು ಅನ್ವಯಿಸುತ್ತದೆಯೇ? ಸಾಲ ಮಂಜೂರಾಗದೆ ವ್ಯವಹಾರ ನಿಂತರೆ ಏನು? ಒಪ್ಪಂದದ ಅವಧಿ ಮುಗಿದ ಮೇಲೆ, ಅವರು ಹಿಂದೆ ತೋರಿಸಿದ್ದ ಮನೆಯನ್ನು ನೀವು ಕೊಂಡರೆ ಎಷ್ಟು ತಿಂಗಳವರೆಗೆ ಶುಲ್ಕ ಕೊಡಬೇಕು? ಈ ಕೊನೆಯ ಷರತ್ತನ್ನು ಹಲವರು ಓದುವುದೇ ಇಲ್ಲ. ಬೇರೆ ಏಜೆಂಟರ ಮೂಲಕ ಕೊಂಡು, ಇಬ್ಬರಿಗೂ ಶುಲ್ಕ ತೆರುವ ಸ್ಥಿತಿ ಬರುವುದು ಇಲ್ಲಿಂದಲೇ.

ಬ್ಯಾಂಕು, ವಿಮೆ, ವಕೀಲರು, ಕಟ್ಟಡ ಪರೀಕ್ಷಕರು ಇವರಲ್ಲಿ ಯಾರನ್ನಾದರೂ ಶಿಫಾರಸು ಮಾಡಿದರೆ, ಅದಕ್ಕಾಗಿ ಏಜೆಂಟರಿಗೆ ಏನಾದರೂ ಸಂದಾಯವಾಗುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಹೊಸ ಕಟ್ಟಡಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ, ಏಕೆಂದರೆ ಮನೆಗಳು ಮಾರಾಟವಾಗದೆ ಉಳಿದಾಗ ಬಿಲ್ಡರುಗಳು ಬೆಲೆ ಇಳಿಸುವ ಬದಲು ಕಮಿಷನ್ ಏರಿಸುವುದುಂಟು. ಆಗ ಅತಿ ಉತ್ಸಾಹದಿಂದ ತೋರಿಸಲ್ಪಡುವ ಮನೆಯೇ ಮಾರಲು ಅತಿ ಕಷ್ಟವಾದ ಮನೆಯಾಗಿರಬಹುದು. ಕಟ್ಟಡ ಪರೀಕ್ಷಕರನ್ನೂ ವಕೀಲರನ್ನೂ ನೀವೇ ಹುಡುಕಿ, ನೀವೇ ಹಣ ಕೊಡಿ.

ನಿಮ್ಮ ಗರಿಷ್ಠ ಮಿತಿಯನ್ನು ಯಾವ ಏಜೆಂಟರಿಗೂ ಹೇಳಬೇಡಿ. ನೋಡಬಯಸುವ ಮನೆಗಳ ಬೆಲೆಯ ಶ್ರೇಣಿಯನ್ನಷ್ಟೇ ಹೇಳಿ. ‘ಇನ್ನೊಬ್ಬರು ಹೆಚ್ಚಿಗೆ ಕೊಡಲು ಸಿದ್ಧರಿದ್ದಾರೆ’ ಎಂದಾಗ ಅದು ಲಿಖಿತ ಪ್ರಸ್ತಾಪವೇ ಎಂದು ಕೇಳಿ, ಉತ್ತರ ಏನೇ ಬಂದರೂ ನಿಮ್ಮ ಬೆಲೆಯನ್ನು ಅದೇ ದಿನ ಏರಿಸಬೇಡಿ. ಇಷ್ಟೆಲ್ಲ ಹೇಳಿದ ಮೇಲೂ ಒಳ್ಳೆಯ ಏಜೆಂಟರು ತಮ್ಮ ಶುಲ್ಕಕ್ಕೆ ತಕ್ಕ ಕೆಲಸ ಮಾಡುತ್ತಾರೆ ಎಂಬುದನ್ನು ಮರೆಯಬಾರದು. ಯಾವ ಕಟ್ಟಡದ ಚಾವಣಿ ಸೋರುತ್ತದೆ, ಯಾವ ಜಾಗದ ಕಾಗದಪತ್ರದಲ್ಲಿ ಅಣ್ಣತಮ್ಮಂದಿರ ವ್ಯಾಜ್ಯವಿದೆ, ಯಾವ ಮನೆ ಹಿಂದೆ ಎರಡು ಸಲ ಮಾರಾಟದ ಅಂಚಿಗೆ ಬಂದು ನಿಂತಿತು ಎಂಬುದನ್ನು ಅವರಷ್ಟು ಬಲ್ಲವರು ವಿರಳ.

ಸುದ್ದಿಯ ಅಂಕಿಗಳನ್ನು ಬಿಡಿಸಿ ನೋಡುವುದು

ಬೆಲೆಯೇರಿಕೆಯ ಸುದ್ದಿ ಓದುವಾಗ, ಅಲ್ಲಿರುವುದು ಕೇಳಿದ ಬೆಲೆಯೋ ನೋಂದಣಿಯಾದ ಬೆಲೆಯೋ ಎಂದು ಮೊದಲು ಹುಡುಕಿ. ಜಾಹೀರಾತಿನ ತಾಣಗಳ ವರದಿಗಳು ಬಹುಮಟ್ಟಿಗೆ ಕೇಳಿದ ಬೆಲೆಯನ್ನು ಆಧರಿಸಿರುತ್ತವೆ, ಮತ್ತು ಮಾರುಕಟ್ಟೆ ತಣ್ಣಗಾದಾಗ ಕೇಳುವ ಬೆಲೆ ತಡವಾಗಿ ಇಳಿಯುತ್ತದೆ. ನಂತರ ಸರಾಸರಿಯನ್ನು ತೆಗೆದ ಬಗೆಯನ್ನು ನೋಡಿ. ಈ ವರ್ಷ ಸಣ್ಣ ಮನೆಗಳು ಕಡಿಮೆ ಮಾರಾಟವಾಗಿ ದೊಡ್ಡವು ಹೆಚ್ಚು ಮಾರಾಟವಾದರೆ, ಒಂದೇ ಒಂದು ಮನೆಯ ಬೆಲೆ ಏರದಿದ್ದರೂ ಸರಾಸರಿ ಏರುತ್ತದೆ. ಈ ದೋಷವನ್ನು ತಪ್ಪಿಸಲೆಂದೇ ಅಮೆರಿಕದ ಕೇಸ್-ಷಿಲ್ಲರ್ ಸೂಚ್ಯಂಕವು ಅದೇ ಮನೆ ಎರಡು ಬಾರಿ ಮಾರಾಟವಾದಾಗಿನ ಬೆಲೆಗಳನ್ನು ಹೋಲಿಸುತ್ತದೆ. ಅದಕ್ಕೂ ಮಿತಿಯಿದೆ: ಅದು ಮೂರು ತಿಂಗಳ ಸರಾಸರಿ, ಪ್ರಕಟವಾಗುವುದು ಸುಮಾರು ಎರಡು ತಿಂಗಳ ಬಳಿಕ. ಅಂದರೆ ಇಂದಿನ ಶೀರ್ಷಿಕೆ ಹೇಳುತ್ತಿರುವುದು ಹಿಂದಿನ ಋತುವಿನಲ್ಲಿ ಕುದುರಿದ ವ್ಯವಹಾರಗಳ ಕತೆಯನ್ನು.

‘ದೇಶದಾದ್ಯಂತ ಕುಸಿತ’ ಎಂಬ ಮಾತಿಗೂ ನಿಮ್ಮ ಬಡಾವಣೆಗೂ ಸಂಬಂಧ ಸಡಿಲ. ಅಮೆರಿಕದಲ್ಲಿ 2006ರಲ್ಲಿ ಶಿಖರ ಮುಟ್ಟಿದ ಮನೆ ಬೆಲೆಗಳು 2012ರ ಹೊತ್ತಿಗೆ ರಾಷ್ಟ್ರಮಟ್ಟದಲ್ಲಿ ಸುಮಾರು 27% ಇಳಿದವು. ಆದರೆ ಅದೇ ಅವಧಿಯಲ್ಲಿ ಲಾಸ್ ವೇಗಸ್‌ನಲ್ಲಿ ಇಳಿಕೆ ಸುಮಾರು 60%, ಡಲ್ಲಾಸ್‌ನಲ್ಲಿ ಸುಮಾರು 10% ಮಾತ್ರ. ಒಂದೇ ಪದ ಇವೆರಡನ್ನೂ ಹೊದಿಸಿತ್ತು.

ಗುಳ್ಳೆ ಎಂಬ ಪದವನ್ನು ಬೆಲೆ ಹೆಚ್ಚಾಗಿದೆ ಎಂಬ ಅರ್ಥದಲ್ಲಿ ಸಡಿಲವಾಗಿ ಬಳಸಲಾಗುತ್ತದೆ. ಬಾಡಿಗೆ, ಆದಾಯಗಳ ಬೆಂಬಲವಿಲ್ಲದೆ, ಮುಂದೆಯೂ ಏರುತ್ತದೆಂಬ ನಿರೀಕ್ಷೆಯೊಂದರಿಂದಲೇ ಬೆಲೆ ಏರುತ್ತಿದ್ದರೆ ಮಾತ್ರ ಆ ಪದ ಸಲ್ಲುತ್ತದೆ. ಅದು ಸರಿಯಾಗಿ ಸಂದಾಗಲೂ ಯಾವಾಗ ಒಡೆಯುತ್ತದೆಂದು ಹೇಳುವುದು ಬೇರೆಯೇ ವಿದ್ಯೆ. ‘ದಿ ಎಕನಾಮಿಸ್ಟ್’ ಪತ್ರಿಕೆ 2005ರ ಜೂನ್‌ನಲ್ಲಿ ಜಗತ್ತಿನ ಮನೆ ಬೆಲೆಗಳ ಏರಿಕೆಯನ್ನು ಇತಿಹಾಸದ ಅತಿ ದೊಡ್ಡ ಗುಳ್ಳೆ ಎಂದು ಕರೆಯಿತು. ಅದಾದ ಬಳಿಕವೂ ಬೆಲೆಗಳು ಅಮೆರಿಕದಲ್ಲಿ ಸುಮಾರು ಒಂದು ವರ್ಷ, ಐರ್ಲೆಂಡಿನಲ್ಲಿ 2007ರವರೆಗೆ ಏರುತ್ತಲೇ ಇದ್ದವು. ಐರ್ಲೆಂಡಿನಲ್ಲಿ ಆಮೇಲೆ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ಅದೇ ಎಚ್ಚರಿಕೆಯನ್ನು ಕೇಳಿಸಿಕೊಂಡಿದ್ದ ಆಸ್ಟ್ರೇಲಿಯದಲ್ಲಿ ಅಂಥ ಕುಸಿತ ಬರಲೇ ಇಲ್ಲ. ಜಪಾನಿನಲ್ಲಿ 1991ರ ಬಳಿಕ ಭೂಮಿಯ ಬೆಲೆ ಒಂದು ದಶಕಕ್ಕೂ ಹೆಚ್ಚು ಕಾಲ ಇಳಿಯುತ್ತಲೇ ಹೋಯಿತು. ಕುಸಿತ ಬಂದ ಮೇಲೆ ಕೊಳ್ಳೋಣವೆಂದು ಕಾಯುವವರಿಗೂ ಈಗಲೇ ಕೊಳ್ಳೋಣವೆಂದು ಧಾವಿಸುವವರಿಗೂ ಈ ಇತಿಹಾಸದಲ್ಲಿ ಒಂದೊಂದು ಸಮರ್ಥನೆ ಸಿಗುತ್ತದೆ, ಅದೇ ತೊಡಕು.

ವರದಿಯಲ್ಲಿ ಮಾತಾಡಿರುವವರು ಯಾರು ಎಂದೂ ನೋಡಿ. ಬಿಲ್ಡರುಗಳ ಸಂಘದ ಪದಾಧಿಕಾರಿ, ಗೃಹಸಾಲ ಸಂಸ್ಥೆಯ ಅರ್ಥಶಾಸ್ತ್ರಜ್ಞ, ಬ್ರೋಕರೇಜ್ ಕಂಪನಿಯ ಮುಖ್ಯಸ್ಥ ಇಷ್ಟೇ ಇದ್ದರೆ ಅದು ಮಾರುವವರ ಗೋಷ್ಠಿ. ಕುಸಿತವನ್ನೇ ಪ್ರತಿವರ್ಷ ಸಾರುವ ವಿಡಿಯೊಗಳಿಗೂ ತಮ್ಮದೇ ವ್ಯಾಪಾರವಿದೆ. ಪತ್ರಿಕೆಯ ಆಸ್ತಿ ಪುರವಣಿಯನ್ನು ಜಾಹೀರಾತು ಎಂದೇ ಓದುವುದು ಕ್ಷೇಮ.

ನಿಮ್ಮದೇ ಲೆಕ್ಕ

ಶೀರ್ಷಿಕೆಗಳ ಬದಲಿಗೆ ಮೂರು ಅಂಕಿಗಳನ್ನು ನೀವೇ ಬರೆದುಕೊಳ್ಳಿ. ಮೊದಲನೆಯದು ಬೆಲೆ-ಬಾಡಿಗೆ ಅನುಪಾತ: ಅದೇ ಕಟ್ಟಡದ ಅಂಥದೇ ಮನೆಯ ವಾರ್ಷಿಕ ಬಾಡಿಗೆಯಿಂದ ಬೆಲೆಯನ್ನು ಭಾಗಿಸಿ. ಬೆಲೆ ನೂರು, ವರ್ಷದ ಬಾಡಿಗೆ 3 ಆದರೆ 33 ವರ್ಷದ ಬಾಡಿಗೆಯನ್ನು ಒಟ್ಟಿಗೆ ತೆರುತ್ತಿದ್ದೀರಿ. ಸಾಲದ ಬಡ್ಡಿ 8% ಇರುವಾಗ, ಬಾಡಿಗೆಯ 3%ಗೂ ಅದಕ್ಕೂ ನಡುವಿನ ವ್ಯತ್ಯಾಸವನ್ನು ಬೆಲೆಯ ಏರಿಕೆಯೇ ತುಂಬಿಕೊಡಬೇಕು. ಆ ಏರಿಕೆ ಬಾರದಿದ್ದರೂ ಆ ಮನೆಯಲ್ಲಿ ವಾಸಿಸುವ ಸಂತೋಷಕ್ಕಾಗಿ ಕೊಡಲು ಒಪ್ಪುವಿರಾದರೆ ಕೊಳ್ಳಿ. ಅನುಪಾತವನ್ನು ಅದೇ ಬಡಾವಣೆಯ ಹತ್ತು ವರ್ಷದ ಹಿಂದಿನ ಅನುಪಾತದೊಡನೆ ಹೋಲಿಸಿದರೆ, ಗುಳ್ಳೆಯ ಬಗ್ಗೆ ಯಾವ ವರದಿಯೂ ಹೇಳದಷ್ಟು ತಿಳಿಯುತ್ತದೆ.

ಎರಡನೆಯದು ಕಂತಿನ ಸಹನಶಕ್ತಿ. ಬಡ್ಡಿ ಬದಲಾಗುವ ಸಾಲವಾದರೆ ಎರಡು ಅಂಶ ಹೆಚ್ಚಿಸಿ ಲೆಕ್ಕಹಾಕಿ: ಇಪ್ಪತ್ತು ವರ್ಷದ ಒಂದು ಲಕ್ಷ ಸಾಲಕ್ಕೆ 8% ಬಡ್ಡಿಯಲ್ಲಿ ತಿಂಗಳ ಕಂತು 836, 10%ರಲ್ಲಿ 965, ಅಂದರೆ ಸುಮಾರು 15% ಹೆಚ್ಚು. ಮನೆಯಲ್ಲಿ ದುಡಿಯುವವರು ಇಬ್ಬರಿದ್ದರೆ, ಒಬ್ಬರ ಆದಾಯ ಆರು ತಿಂಗಳು ನಿಂತಾಗಲೂ ಇಷ್ಟನ್ನು ಕಟ್ಟಲಾದೀತೇ ಎಂದು ನೋಡಿ.

ಮೂರನೆಯದು ಉಳಿಯುವ ಅವಧಿ. ಬೆಲೆಯ 20% ಕೈಯಿಂದ ಹಾಕಿ ಉಳಿದದ್ದಕ್ಕೆ ಸಾಲ ಪಡೆದಿದ್ದರೆ, ಬೆಲೆ 20% ಇಳಿದಾಗ ಮಾರಬೇಕಾಗಿ ಬಂದವರ ಬಂಡವಾಳವೆಲ್ಲ ಹೋದಂತೆಯೇ. ಮಾರುವ ಕಮಿಷನ್ ಅದರ ಮೇಲಿನ ನಷ್ಟ. ಮಾರದೆ ಕಂತು ಕಟ್ಟುತ್ತ ಉಳಿಯಬಲ್ಲವರಿಗೆ ಅದೇ ಇಳಿಕೆ ಕಾಗದದ ಮೇಲಿನದು. ಆದ್ದರಿಂದ ಮೂರು ವರ್ಷದಲ್ಲಿ ವರ್ಗವಾಗುವ ಸಾಧ್ಯತೆಯಿರುವವರು ಗುಳ್ಳೆಯ ಸುದ್ದಿಯನ್ನು ಗಂಭೀರವಾಗಿ ಪರಿಗಣಿಸಬೇಕು, ಹದಿನೈದು ವರ್ಷ ಇರುವವರು ಕಂತಿನ ಲೆಕ್ಕವನ್ನು. ಕೊಳ್ಳುವಾಗಿನ ಕಮಿಷನ್, ನೋಂದಣಿ, ತೆರಿಗೆ ಮತ್ತು ಮಾರುವಾಗಿನ ಕಮಿಷನ್ ಇಷ್ಟನ್ನೂ ಕೂಡಿಸಿ, ಬೆಲೆ ಎಷ್ಟು ಏರಿದರೆ ನಿಮಗೆ ನಷ್ಟವಿಲ್ಲದೆ ಹೊರಬರಬಹುದೆಂದು ಬರೆದಿಟ್ಟುಕೊಳ್ಳಿ.

ಈ ಮೂರೂ ಕೂಡಿಬಂದರೆ ನಿಮ್ಮ ಗರಿಷ್ಠ ಬೆಲೆಯನ್ನು ತೀರ್ಮಾನಿಸಿ, ಏಜೆಂಟರೊಡನೆ ಕೊನೆಯ ಸುತ್ತಿನ ಮಾತಿಗೆ ಕೂರುವ ಮೊದಲೇ ಮನೆಯವರ ಎದುರು ಕಾಗದದ ಮೇಲೆ ಬರೆದು ಸಹಿ ಹಾಕಿ. ಕಳೆದ ಆರು ತಿಂಗಳಲ್ಲಿ ಅದೇ ಬಡಾವಣೆಯಲ್ಲಿ ನೋಂದಣಿಯಾದ ಮಾರಾಟಗಳ ದಾಖಲೆಯನ್ನು ಏಜೆಂಟರಿಂದ ಪಡೆದು, ಅದನ್ನು ಆಧರಿಸಿ ಮೊದಲ ಬೆಲೆ ಹೇಳಿ. ಮುಂಗಡ ಕೊಡುವಾಗ, ಸಾಲ ಮಂಜೂರಾಗದಿದ್ದರೆ ಅಥವಾ ಕಾಗದಪತ್ರದಲ್ಲಿ ದೋಷ ಕಂಡರೆ ಹಣ ವಾಪಸು ಎಂಬ ಷರತ್ತು ಲಿಖಿತವಾಗಿರಲಿ. ಕಮಿಷನ್ನನ್ನು ನೋಂದಣಿ ಮುಗಿದ ದಿನ, ಬ್ಯಾಂಕಿನ ಮೂಲಕ, ರಸೀದಿ ಪಡೆದೇ ಕೊಡಿ.