ಅಗ್ಗದ ಸೆಮಿ ಆಟೋಮ್ಯಾಟಿಕ್ ರೈಫಲ್: ಬೆಲೆ ಚೀಟಿಗಿಂತ ಮೊದಲು ಮ್ಯಾಗಜೀನ್ ನೋಡಿದೆ

ಟೆಕ್ಸಸ್‌ನಲ್ಲಿ ಬಂದೂಕು ಕೊಳ್ಳುವುದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಹೌದು, ಸುಲಭವೇ. ಯಾವುದು ಕೊಳ್ಳಬೇಕು ಅನ್ನುವುದೇ ತಲೆನೋವು. ಅದರಲ್ಲೂ ಮುನ್ನೂರು ಡಾಲರ್ ದಾಟಬಾರದು ಅಂತ ಹಟ ಹಿಡಿದು ಹೊರಟರೆ ಇನ್ನೂ ಜಾಸ್ತಿ. ನನಗೆ ಬೇಕಿದ್ದದ್ದು ವಾರದ ಕೊನೆಯಲ್ಲಿ ರೇಂಜಿಗೆ ಹೋಗಿ ಕಾಗದದ ಗುರಿಗೆ, ಕಬ್ಬಿಣದ ತಟ್ಟೆಗೆ ಹೊಡೆಯಲು ಒಂದು ಸಣ್ಣ ರೈಫಲ್. ಬೇಟೆಯ ಹುಚ್ಚಿಲ್ಲ. ಹಾಗಾಗಿ .22 ಎಲ್‌ಆರ್ ಅನ್ನುವ ಸಣ್ಣ ತೋಟಾದ್ದೇ ಸಾಕು ಅಂತ ತೀರ್ಮಾನಿಸಿದೆ. ಇಲ್ಲಿ ತುಂಬಾ ಜನಪ್ರಿಯವಾದ ಎಆರ್-15 ರೈಫಲ್‌ಗೆ ಹಾಕುವ ತೋಟಾ ಒಂದಕ್ಕೆ ನಲವತ್ತು-ಐವತ್ತು ಸೆಂಟ್ ಬೀಳುತ್ತದೆ. .22 ಆದರೆ ಏಳೆಂಟು ಸೆಂಟ್. ನಾಲ್ಕು ತಿಂಗಳು ರೇಂಜಿಗೆ ಹೋದರೆ ರೈಫಲ್‌ಗಿಂತ ತೋಟಾದ ಲೆಕ್ಕವೇ ದೊಡ್ಡದಾಗುತ್ತದೆ.

ಮುಂದಕ್ಕೆ ಹೋಗುವ ಮೊದಲು, ನಮ್ಮವರಿಗಾಗಿ ಒಂದು ಮಾತು. ನಾನು ಗ್ರೀನ್ ಕಾರ್ಡ್ ಕೈಗೆ ಬರುವವರೆಗೂ ಕಾದೆ. ಎಚ್-1ಬಿ ವೀಸಾದಲ್ಲಿ ಇರುವವರು ಬಂದೂಕು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ ಅನ್ನುತ್ತದೆ ಅಮೆರಿಕದ ಕೇಂದ್ರ ಕಾನೂನು. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಅದನ್ನು ನಂಬಿ ಹೊರಡುವವರು ಮೊದಲು ವಕೀಲರನ್ನು ಕೇಳಿ. ಸಣ್ಣ ಎಡವಟ್ಟಾದರೂ ವೀಸಾಕ್ಕೇ ಕುತ್ತು. ಇನ್ನು "ನಿನ್ನ ಹೆಸರಲ್ಲಿ ನನಗೊಂದು ತಗೊಂಡು ಕೊಡು ಮಾರಾಯ" ಅನ್ನುವ ಸ್ನೇಹಿತರು ಇರುತ್ತಾರೆ. ಅಂಗಡಿಯಲ್ಲಿ ತುಂಬುವ 4473 ಫಾರಂನ ಮೊದಲ ಪ್ರಶ್ನೆಗಳಲ್ಲೇ ಇದು ಬರುತ್ತದೆ: ನಿಜವಾಗಿ ಕೊಳ್ಳುತ್ತಿರುವವರು ನೀವೇನಾ? ಅಲ್ಲಿ ಸುಳ್ಳು ಬರೆದರೆ ಜೈಲು. ಸ್ನೇಹ ಬೇರೆ, ಇದು ಬೇರೆ.

ನನ್ನ ಪಟ್ಟಿಯಲ್ಲಿ ನಾಲ್ಕು ಉಳಿದವು. ರೂಗರ್ 10/22, ಮಾರ್ಲಿನ್ ಮಾಡೆಲ್ 60, ಸ್ಯಾವೇಜ್ 64, ರೋಸಿ ಆರ್‌ಎಸ್22. ಸ್ಮಿತ್ ಅಂಡ್ ವೆಸನ್ ಕಂಪನಿಯ 15-22 ನೋಡಲು ಚೆನ್ನ, ಎಆರ್ ತರಹವೇ ಇದೆ. ಆದರೆ ನಾನೂರು ಡಾಲರ್ ದಾಟಿದ್ದರಿಂದ ಅದನ್ನು ಕೈಬಿಟ್ಟೆ.

ನಾಲ್ಕೂ ಸೆಮಿ ಆಟೋಮ್ಯಾಟಿಕ್, ಕೆಲಸ ಮಾಡುವ ರೀತಿ ಒಂದೇ. ಟ್ರಿಗರ್ ಒಮ್ಮೆ ಒತ್ತಿದರೆ ಒಂದೇ ಗುಂಡು. ತೋಟಾ ಸಿಡಿದ ಒತ್ತಡಕ್ಕೇ, ಅದನ್ನು ಹಿಂದಿನಿಂದ ಮುಚ್ಚಿ ಹಿಡಿದಿರುವ ಬೋಲ್ಟ್ ಹಿಂದಕ್ಕೆ ಸರಿದು, ತೋಟಾದ ಖಾಲಿ ಚಿಪ್ಪನ್ನು ಹೊರಗೆ ಎಸೆದು, ಸ್ಪ್ರಿಂಗ್‌ನ ಬಲದಿಂದ ಮುಂದೆ ಬರುವಾಗ ಹೊಸ ತೋಟಾವನ್ನು ತಳ್ಳಿಕೊಂಡು ಬರುತ್ತದೆ. ಎಲ್ಲ ತಕರಾರೂ ಇಲ್ಲೇ. .22 ತೋಟಾಕ್ಕೆ ಬುಡದಲ್ಲಿ ಹೊರಚಾಚಿದ ಅಂಚಿದೆ, ಮೇಣದ ಲೇಪವಿದೆ, ಗುಂಡು ಮೆತ್ತನೆ ಸೀಸದ್ದು. ಒಂದರ ಅಂಚು ಇನ್ನೊಂದರ ಅಂಚಿಗೆ ಸಿಕ್ಕಿಕೊಂಡರೆ ಮುಗಿಯಿತು, ರೈಫಲ್ ನಿಂತೇ ಹೋಗುತ್ತದೆ. ಆ ತೋಟಾಗಳನ್ನು ಸರಿಯಾಗಿ ಸಾಲು ನಿಲ್ಲಿಸಿ ಕೊಡುವುದು ಮ್ಯಾಗಜೀನ್‌ನ, ಅಂದರೆ ತೋಟಾ ತುಂಬುವ ಡಬ್ಬಿಯ ಕೆಲಸ. ಅದಕ್ಕೇ ನಳಿಗೆ ಎಷ್ಟು ಉದ್ದ, ಮರ ಯಾವುದು ಅನ್ನುವುದನ್ನೆಲ್ಲ ಬದಿಗಿಟ್ಟು ಮೊದಲು ಮ್ಯಾಗಜೀನ್ ಬಿಚ್ಚಿ ನೋಡತೊಡಗಿದೆ.

ರೋಸಿ ಎಲ್ಲಕ್ಕಿಂತ ಅಗ್ಗ, ನೂರೈವತ್ತರ ಆಸುಪಾಸು. ಬ್ರೆಜಿಲ್‌ನಲ್ಲಿ ತಯಾರಾಗುತ್ತದೆ. ತೂಕ ನಾಲ್ಕು ಪೌಂಡ್ ಚಿಲ್ಲರೆ, ಮಕ್ಕಳೂ ಎತ್ತಬಹುದು. ಗುರಿ ನೋಡುವ ಕಡೆ ಹೊಳೆಯುವ ಹಸಿರು, ಕೆಂಪು ಚುಕ್ಕೆಗಳನ್ನು ಕೊಟ್ಟಿದ್ದಾರೆ, ಆ ಬೆಲೆಗೆ ಅದು ಉದಾರವೇ. ಪ್ಲಾಸ್ಟಿಕ್ ಜಾಸ್ತಿ. ಕೈಯಲ್ಲಿ ಹಿಡಿದರೆ ಸ್ವಲ್ಪ ಟೊಳ್ಳು ಅನ್ನಿಸುತ್ತದೆ. ಸುಮ್ನೆ ಒಂದು ಇರಲಿ ಅನ್ನುವವರಿಗೆ ಇದೇ ಸಾಕು, ನಾಚಿಕೆ ಪಡಬೇಕಿಲ್ಲ.

ಸ್ಯಾವೇಜ್ 64 ಇದಕ್ಕಿಂತ ಸ್ವಲ್ಪ ಮೇಲೆ. ಸಹೋದ್ಯೋಗಿಯೊಬ್ಬರದನ್ನು ಸಾಕಷ್ಟು ಹೊತ್ತು ಹೊಡೆದು ನೋಡಿದೆ. ಐವತ್ತು ಗಜದಲ್ಲಿ ನಾಲ್ಕರಲ್ಲಿ ಅತಿ ಹತ್ತಿರ ಹತ್ತಿರ ಗುಂಡು ಕೂರಿಸಿದ್ದು ಇದೇ. ಆದರೆ ಹತ್ತು ತೋಟಾದ ಅದರ ಉದ್ದ ಮ್ಯಾಗಜೀನ್ ಕೆಳಗೆ ಜೋತುಬಿದ್ದಿರುತ್ತದೆ. ರೈಫಲ್ ಅನ್ನು ಮರಳಿನ ಚೀಲದ ಮೇಲೆ ಊರಿದರೆ ಮ್ಯಾಗಜೀನ್ ಚೀಲಕ್ಕೆ ತಗಲುತ್ತದೆ. ಬಾಯಿಯ ತಗಡು ತೆಳ್ಳಗಿದೆ. ಅವರ ಹತ್ತಿರ ಇದ್ದ ಎರಡರಲ್ಲಿ ಒಂದರ ಬಾಯಿ ಕೂದಲೆಳೆಯಷ್ಟು ಅಗಲವಾಗಿತ್ತು. ಅದನ್ನು ಹಾಕಿದಾಗಲೆಲ್ಲ ತೋಟಾ ಮೂಗು ಎತ್ತಿಕೊಂಡು ನಿಲ್ಲುತ್ತಿತ್ತು. ಇನ್ನೊಂದು ಹಾಕಿದರೆ ಅದೇ ರೈಫಲ್ ತಕರಾರಿಲ್ಲದೆ ಓಡುತ್ತಿತ್ತು. ನನ್ನ ಅನುಮಾನ ನಿಜವಾದದ್ದು ಅಲ್ಲಿ.

ಮಾರ್ಲಿನ್ 60 ಬೇರೆಯೇ ಜಾತಿ. 1960ರಿಂದ ಬಂದ ಮಾಡೆಲ್. ಇದಕ್ಕೆ ಬಿಚ್ಚುವ ಮ್ಯಾಗಜೀನ್ ಇಲ್ಲ, ನಳಿಗೆಯ ಕೆಳಗೇ ಒಂದು ಕೊಳವೆ. ಒಳಗಿನ ಹಿತ್ತಾಳೆ ಕಡ್ಡಿಯನ್ನು ಮುಂದಕ್ಕೆ ಎಳೆದರೆ ತೋಟಾದ ಆಕಾರದಲ್ಲೇ ಕೊರೆದ ಕಿಂಡಿ ಕಾಣುತ್ತದೆ. ಅದರೊಳಗೆ ಒಂದೊಂದಾಗಿ ಹದಿನಾಲ್ಕು ತೋಟಾ ಬಿಡಬೇಕು, ಬುಡ ಮೊದಲು. ಬಿಸಿಲಲ್ಲಿ ಬೆವರಿದ ಬೆರಳಿಗೆ ಇದು ತಾಳ್ಮೆಯ ಕೆಲಸ. ಮಡಿಕೇರಿ ಕಡೆಯ ಗೆಳೆಯರೊಬ್ಬರು, ಊರಲ್ಲಿ ಜೋಡಿ ನಳಿಗೆ ಕೋವಿ ನೋಡಿ ಬೆಳೆದವರು, ಇದನ್ನೇ ಮೆಚ್ಚಿಕೊಂಡರು. "ಕಳೆದುಹೋಗುವ ಸಾಮಾನೇ ಇಲ್ಲ ನೋಡಿ" ಅಂದರು. ಅದೂ ಸರಿಯೇ. ಮ್ಯಾಗಜೀನ್‌ಗೆ ಬೇರೆ ಖರ್ಚಿಲ್ಲ.

ಆದರೆ ರೇಂಜಿನಲ್ಲಿ "ಸೀಸ್ ಫೈರ್" (ಗುಂಡು ಹೊಡೆಯುವುದು ನಿಲ್ಲಿಸಿ) ಅಂದ ತಕ್ಷಣ ಎಲ್ಲರೂ ಮ್ಯಾಗಜೀನ್ ಕಿತ್ತು ಬೋಲ್ಟ್ ತೆರೆದಿಟ್ಟು ಹಿಂದೆ ಸರಿಯುತ್ತಾರೆ. ಮಾರ್ಲಿನ್ ಇದ್ದವರು ಕಡ್ಡಿ ಪೂರ್ತಿ ಎಳೆದು, ಮೂತಿ ಗುರಿಯ ಕಡೆಗೇ ಇಟ್ಟುಕೊಂಡು ತೋಟಾ ಸುರಿದು, ಆಮೇಲೆ ಬೋಲ್ಟ್ ಎಳೆದು ಒಳಗಿನದನ್ನೂ ತೆಗೆಯಬೇಕು. ಒಂದು ಒಳಗೇ ಉಳಿದುಬಿಟ್ಟಿದೆಯಾ ಅನ್ನುವ ಚಿಂತೆ ಯಾವಾಗಲೂ ಇರುತ್ತದೆ. ಇನ್ನೊಂದು ವಿಷಯ, ಮಾರ್ಲಿನ್ ಹೆಸರನ್ನು 2020ರಲ್ಲಿ ರೂಗರ್ ಕಂಪನಿಯೇ ಕೊಂಡುಕೊಂಡಿತು. ನಾನು ಹುಡುಕುವ ಹೊತ್ತಿಗೆ ಮಾಡೆಲ್ 60 ಹಳೆಯದೇ ಸಿಗುತ್ತಿದ್ದದ್ದು. ಗಿರವಿ ಅಂಗಡಿಗಳಲ್ಲಿ ಬೇಕಾದಷ್ಟಿವೆ. ಕೊಳ್ಳುವುದಾದರೆ ಬೋಲ್ಟ್‌ನ ಹೊಡೆತ ತಡೆಯುವ ಒಳಗಿನ ಪ್ಲಾಸ್ಟಿಕ್ ಬಫರ್ ತೆಗೆಸಿ ನೋಡಿ. ವರ್ಷಗಳು ಕಳೆದಂತೆ ಅದು ಪುಡಿಯಾಗುತ್ತದೆ. ಬದಲಿ ಸಾಮಾನಿನ ಬೆಲೆ ಕಮ್ಮಿಯೇ, ಅದೊಂದು ನೆಪ ಹೇಳಿ ಚೌಕಾಸಿ ಮಾಡಬಹುದು.

ಕೊನೆಗೆ ರೂಗರ್ 10/22. 1964ರಿಂದ ಇದೆ. ಮೂಲ ಕಾರ್ಬೈನ್ ಮಾಡೆಲ್ ಮುನ್ನೂರರ ಹತ್ತಿರ ಬಂತು, ಮೇಲೆ ನಮ್ಮ ಊರಿನ 8.25 ಶೇಕಡಾ ತೆರಿಗೆ. ಇದರ ಮ್ಯಾಗಜೀನ್ ಒಂದು ಗಟ್ಟಿ ಚಿಕ್ಕ ಡಬ್ಬಿ. ಒಳಗೆ ಹಲ್ಲುಗಳಿರುವ ಚಕ್ರ, ಒಂದೊಂದು ಸಂದಿಗೂ ಒಂದೊಂದು ತೋಟಾ. ಹಾಗಾಗಿ ಒಂದರ ಅಂಚು ಇನ್ನೊಂದಕ್ಕೆ ಸಿಕ್ಕುವ ಪ್ರಶ್ನೆಯೇ ಬರುವುದಿಲ್ಲ. ಬಾಯಿಗೆ ಉಕ್ಕು ಹಾಕಿದ್ದಾರೆ, ಬೆರಳಲ್ಲಿ ಒತ್ತಿದರೆ ಬಗ್ಗುವುದಿಲ್ಲ. ಡಬ್ಬಿ ರೈಫಲ್‌ನ ಹೊಟ್ಟೆಯೊಳಗೇ ಸಮವಾಗಿ ಕೂರುತ್ತದೆ, ಹೊರಗೆ ಏನೂ ಚಾಚುವುದಿಲ್ಲ. ಇನ್ನೊಂದು ಬೇಕೆಂದರೆ ಇಪ್ಪತ್ತು ಡಾಲರ್ ಚಿಲ್ಲರೆಗೆ ಯಾವ ಅಂಗಡಿಯಲ್ಲೂ ಸಿಗುತ್ತದೆ.

ಇದರಲ್ಲೂ ಹುಳುಕು ಇಲ್ಲದಿಲ್ಲ. ಕೊನೆಯ ಗುಂಡು ಹೊಡೆದ ಮೇಲೆ ಬೋಲ್ಟ್ ತೆರೆದು ನಿಲ್ಲುವುದಿಲ್ಲ. ಖಾಲಿಯಾದದ್ದು ಮುಂದಿನ "ಟಿಕ್" ಕೇಳಿದಾಗಲೇ ಗೊತ್ತಾಗುವುದು. ಮಾರ್ಲಿನ್‌ನಲ್ಲಿ ಈ ಅನುಕೂಲ ಇದೆ ಅಂದರೆ ಸ್ವಲ್ಪ ಹೊಟ್ಟೆಯುರಿ. ಟ್ರಿಗರ್ ಕೂಡ ಗಡಸು, ಎಳೆಯಲು ಆರು ಪೌಂಡ್‌ನಷ್ಟು ಬಲ ಬೇಕು. ಆದರೂ ಇದನ್ನೇ ತಗೊಂಡೆ. 4473 ತುಂಬಿ, ಗ್ರೀನ್ ಕಾರ್ಡ್ ನಂಬರ್ ಬರೆದು, ಅವರು ಹಿನ್ನೆಲೆ ಪರಿಶೀಲನೆ ಮುಗಿಸಿದ ಮೇಲೆ ಕೈಗೆ ಕೊಟ್ಟರು. ಆನ್‌ಲೈನ್‌ನಲ್ಲಿ ಇನ್ನೂ ಕಮ್ಮಿಗೆ ಕಂಡಿತ್ತು. ಆದರೆ ಅದೂ ಲೈಸೆನ್ಸ್ ಇರುವ ಅಂಗಡಿಗೇ ಬರಬೇಕು, ಅವರಿಗೆ ಟ್ರಾನ್ಸ್‌ಫರ್ ಶುಲ್ಕ ಕೊಡಬೇಕು. ಲೆಕ್ಕ ಹಾಕಿದರೆ ಅಲ್ಲಿಗಲ್ಲಿಗೆ.

ತೋಟಾ ಆರಿಸುವಾಗ ಅಗ್ಗದ್ದಕ್ಕೆ ಮೊದಲೇ ಕೈಹಾಕಲಿಲ್ಲ. ಹೊಸ ರೈಫಲ್‌ನ ಸ್ಪ್ರಿಂಗ್ ಬಿಗಿ ಇರುತ್ತದೆ, ನಿಧಾನದ ತೋಟಾಕ್ಕೆ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗದಿರಬಹುದು. ಅದಕ್ಕೇ ಸಿಸಿಐ ಮಿನಿ-ಮ್ಯಾಗ್ ಅನ್ನುವ ವೇಗದ ತೋಟಾದಿಂದ ಶುರು ಮಾಡಿ, ಸರಾಗ ಆದ ಮೇಲೆ ಅಗ್ಗದ ತೋಟಾದ ರಾಶಿ ಡಬ್ಬಗಳಿಗೆ ಇಳಿದೆ. ಅವುಗಳಲ್ಲಿ ಆಗಾಗ ಒಂದು ಸಿಡಿಯುವುದಿಲ್ಲ. ಹಾಗಾದಾಗ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು, ತಡವಾಗಿ ಸಿಡಿದರೂ ಸಿಡಿಯಬಹುದು. ಚಿಕ್ಕ ತೋಟಾ ಅಂತ ಸಲಿಗೆ ಬೇಡ, ಗುಂಡು ಒಂದು ಮೈಲಿಗಿಂತ ದೂರ ಹೋಗುತ್ತದೆ.

ಕಿವಿಗೆ, ಕಣ್ಣಿಗೆ ರಕ್ಷಣೆ, ಗೋಡೆಗೆ ಬೋಲ್ಟ್ ಮಾಡಿದ ಕಬ್ಬಿಣದ ಬೀರು, ಇವೆರಡಕ್ಕೇ ನೂರರ ಮೇಲಾಯಿತು. ಮನೆಯಲ್ಲಿ ಮಕ್ಕಳಿದ್ದಾರೆ, ಇಲ್ಲಿ ಚೌಕಾಸಿ ಮಾಡಲಿಲ್ಲ. ರೇಂಜಿಂದ ಬಂದವನೇ ಸೀಸ ಹೋಗುವ ಹಾಗೆ ಸೋಪು ಹಾಕಿ ಕೈ ತೊಳೆದೇ ಅಡುಗೆಮನೆಗೆ ಹೋಗುತ್ತೇನೆ.

ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದವರಿಗೆ ಲೆಕ್ಕವೇ ಬೇರೆ. ನ್ಯೂಜೆರ್ಸಿಯಲ್ಲಿ ಮೊದಲು ಗುರುತಿನ ಕಾರ್ಡ್ ಮಾಡಿಸಬೇಕು, ಕ್ಯಾಲಿಫೋರ್ನಿಯಾದಲ್ಲಿ ದುಡ್ಡು ಕೊಟ್ಟ ಮೇಲೂ ಹತ್ತು ದಿನ ಕಾಯಬೇಕು. ಎರಡೂ ಕಡೆ ಬಿಚ್ಚುವ ಮ್ಯಾಗಜೀನ್ ಹತ್ತು ತೋಟಾ ಮೀರುವಂತಿಲ್ಲ. ರೂಗರ್ ಜೊತೆ ಬರುವ ಡಬ್ಬಿ ಹತ್ತರದ್ದೇ ಆದ್ದರಿಂದ ಅಷ್ಟರ ಮಟ್ಟಿಗೆ ತೊಂದರೆಯಿಲ್ಲ.

ಟ್ರಿಗರ್ ಬದಲಾಯಿಸುವ ಆಸೆ ಇನ್ನೂ ಇದೆ. ರೂಗರ್‌ನವರದೇ ಬಿಎಕ್ಸ್ ಟ್ರಿಗರ್ ಸಿಗುತ್ತದೆ, ಬಲ ಅರ್ಧಕ್ಕರ್ಧ ಇಳಿಯುತ್ತದೆ. ಆ ದುಡ್ಡಿಗೆ ಸಾವಿರ ತೋಟಾ ಬರುತ್ತದೆ ಅಂತ ಗೊತ್ತಾದ ಮೇಲೆ ತೋಟಾನೇ ತಗೊಂಡೆ.