ಮೂರೂವರೆ ವಾಟ್ ಆಂಪ್‌ಗೆ ಸ್ಪೀಕರ್ ಹುಡುಕಿದ್ದು

ನನ್ನ ಹತ್ತಿರ ಇರುವುದು 2ಎ3 ಅನ್ನುವ ವಾಲ್ವ್‌ನ (ಟ್ರಾನ್ಸಿಸ್ಟರ್‌ಗೂ ಮುಂಚಿನ ಗಾಜಿನ ಕೊಳವೆ) ಸಿಂಗಲ್ ಎಂಡೆಡ್ ಆಂಪ್ಲಿಫೈಯರ್, ಚಿಕ್ಕದಾಗಿ ಆಂಪ್. ಒಂದೊಂದು ಚಾನೆಲ್‌ಗೆ ಒಂದೇ ಔಟ್‌ಪುಟ್ ವಾಲ್ವ್, ಸಿಗುವುದು ಮೂರೂವರೆ ವಾಟ್. ಟೀವಿ ಕೆಳಗಿಡುವ ಸೌಂಡ್‌ಬಾರ್ ಮೇಲೂ ನೂರಾರು ವಾಟ್ ಅಂತ ಬರೆದಿರುವ ಕಾಲ ಇದು. ಅದಕ್ಕೇ ಈ ಲೆಕ್ಕ ಕೇಳಿದವರು ಮೊದಲು ನಗುತ್ತಾರೆ. ನಗಲಿ ಬಿಡಿ. ಮೂರೂವರೆ ವಾಟ್ ಸಾಕೋ ಸಾಲದೋ ಅನ್ನುವುದನ್ನು ತೀರ್ಮಾನಿಸುವುದು ಸ್ಪೀಕರ್, ಆಮೇಲೆ ನಮ್ಮ ಕಿವಿ. ಹಾಗಾಗಿ ಸ್ಪೀಕರ್ ಹುಡುಕುವ ಮೊದಲು, ನಾನು ನಿಜವಾಗಿ ಎಷ್ಟು ವಾಟ್ ಬಳಸುತ್ತೇನೆ ಅಂತ ಅಳೆದುಕೊಂಡೆ.

ಇದಕ್ಕೆ ಬೇಕಾದ್ದು ಒಂದು ಸಾಧಾರಣ ಮಲ್ಟಿಮೀಟರ್ ಅಷ್ಟೇ. ಮನೆಯಲ್ಲಿ ಹಳೆಯ ಟ್ರಾನ್ಸಿಸ್ಟರ್ ಆಂಪ್ ಮತ್ತು 86 ಡೆಸಿಬಲ್‌ನ ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್ ಇದ್ದವು. (ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರಕ್ಕೆ ಸ್ಪೀಕರ್ ಎಷ್ಟು ಜೋರು ಅನ್ನುವುದೇ ಈ ಡೆಸಿಬಲ್. ಅದಕ್ಕೆ ಸೆನ್ಸಿಟಿವಿಟಿ ಅನ್ನುತ್ತಾರೆ.) ಒಂದು ಸಂಗೀತ ಕಛೇರಿಯ ರೆಕಾರ್ಡಿಂಗ್ ಹಾಕಿ, ತನಿ ಆವರ್ತನ ಬಂದಾಗ ಇದಕ್ಕಿಂತ ಜೋರು ಬೇಡ ಅನ್ನಿಸುವವರೆಗೆ ವಾಲ್ಯೂಮ್ ಏರಿಸಿದೆ. ಆಮೇಲೆ ವಾಲ್ಯೂಮ್ ಮುಟ್ಟದೆ, ಆಂಪ್ ಆಫ್ ಮಾಡಿ ಸ್ಪೀಕರ್ ವೈರ್ ಬಿಚ್ಚಿದೆ. ಮತ್ತೆ ಆನ್ ಮಾಡಿ, ಮೈನಸ್ 12 ಡೆಸಿಬಲ್ ಮಟ್ಟದಲ್ಲಿ ರೆಕಾರ್ಡ್ ಆದ 120 ಹರ್ಟ್ಜ್ ಟೋನ್ ಒಂದನ್ನು ನುಡಿಸಿ, ಆಂಪ್‌ನ ಟರ್ಮಿನಲ್‌ನಲ್ಲಿ ಎಸಿ ವೋಲ್ಟ್ ನೋಡಿದೆ. 2.7 ಬಂತು. ಮೈನಸ್ 12 ಡೆಸಿಬಲ್ ಅಂದರೆ ಪೂರ್ತಿ ಮಟ್ಟದ ವೋಲ್ಟ್‌ನಲ್ಲಿ ಕಾಲು ಭಾಗ. ಹಾಗಾಗಿ ಇದನ್ನು ನಾಲ್ಕರಿಂದ ಗುಣಿಸಿದರೆ, ರೆಕಾರ್ಡಿಂಗ್‌ನ ಅತಿ ಜೋರಾದ ಪೆಟ್ಟಿಗೆ ಆಂಪ್ ಎಷ್ಟು ವೋಲ್ಟ್ ಕೊಡಬೇಕು ಅನ್ನುವುದು ಸಿಗುತ್ತದೆ: 10.8. ಅದರ ವರ್ಗವನ್ನು ಸ್ಪೀಕರ್‌ನ 8 ಓಮ್‌ನಿಂದ (ಓಮ್ ಅಂದರೆ ಕರೆಂಟ್‌ಗೆ ಒಡ್ಡುವ ತಡೆಯ ಅಳತೆ) ಭಾಗಿಸಿದರೆ ಹತ್ತಿರ ಹತ್ತಿರ 15 ವಾಟ್. (ವೈರ್ ಬಿಚ್ಚಿ ಅಳೆಯುವ ಈ ಕೆಲಸ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಮಾತ್ರ. ವಾಲ್ವ್ ಆಂಪ್‌ಗೆ ಸ್ಪೀಕರ್ ಕಟ್ಟದೆ ಸಿಗ್ನಲ್ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.)

ಇಲ್ಲಿಂದ ಮುಂದೆ ಬಾಯಿಲೆಕ್ಕ. ಮೂರು ಡೆಸಿಬಲ್ ಜಾಸ್ತಿ ಸೆನ್ಸಿಟಿವಿಟಿ ಇರುವ ಸ್ಪೀಕರ್‌ಗೆ ಅರ್ಧ ಪವರ್ ಸಾಕು, ಹತ್ತು ಡೆಸಿಬಲ್ ಜಾಸ್ತಿ ಇದ್ದರೆ ಹತ್ತನೇ ಒಂದು ಪಾಲು. 86ಕ್ಕೆ 15 ವಾಟ್ ಅಂದರೆ 93ಕ್ಕೆ 3 ವಾಟ್, 96ಕ್ಕೆ ಒಂದೂವರೆ. ಅಂದರೆ ನನ್ನ ಆಂಪ್‌ಗೆ 93 ಕೊನೇ ಗೆರೆ, 96 ನೆಮ್ಮದಿ.

ಹಳೆಯ ಸ್ಪೀಕರ್‌ನಲ್ಲೇ 2ಎ3 ಕೇಳಿದರೆ ಏನಾಗುತ್ತದೆ? ಅದನ್ನೂ ಮಾಡಿ ನೋಡಿದೆ. ಪರಪರ ಅನ್ನುವುದಿಲ್ಲ, ಒಡೆಯುವುದಿಲ್ಲ. ಒಬ್ಬರೇ ಹಾಡುವಾಗ ಸೊಗಸಾಗಿಯೇ ಇರುತ್ತದೆ. ಮೃದಂಗದ ಚಾಪು ಬಿದ್ದಾಗ ಮಾತ್ರ ಅದರ ಮೊನೆ ಮೊಂಡಾಗಿರುತ್ತದೆ. ಬೆರಳಿನ ಪೆಟ್ಟು ಕೇಳಿಸದೆ ಬರೀ ನಾದ ಕೇಳಿಸುತ್ತದೆ. ವಾಲ್ವ್ ಆಂಪ್ ತನ್ನ ಮಿತಿ ಮುಟ್ಟಿದಾಗ ಮೆತ್ತಗೆ ಸೋಲುತ್ತದೆ, ಅದಕ್ಕೇ ತುಂಬಾ ಜನ ಈ ಸೋಲನ್ನೇ 'ವಾಲ್ವ್ ಸೌಂಡ್' ಅಂದುಕೊಂಡು ಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ.

ಒಂದು ಕಾಲದಲ್ಲಿ ಇದು ಸಮಸ್ಯೆಯೇ ಆಗಿರಲಿಲ್ಲ. 2ಎ3 ಬಂದದ್ದು 1933ರಲ್ಲಿ. ಆಗ ಸಿನಿಮಾ ಥಿಯೇಟರ್‌ಗಳೇ ಕೆಲವೇ ವಾಟ್‌ಗಳಲ್ಲಿ ನಡೆಯುತ್ತಿದ್ದವು, ಯಾಕಂದರೆ ಪರದೆಯ ಹಿಂದೆ ಕಹಳೆಯಂತೆ ದನಿ ಹಿಗ್ಗಿಸುವ ಆಳೆತ್ತರದ ಹಾರ್ನ್‌ಗಳಿದ್ದವು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಆರ್-1 ಸ್ಪೀಕರ್ ತಂದರು. ಸಣ್ಣ ಮುಚ್ಚಿದ ಡಬ್ಬದಿಂದ ಆಳವಾದ ಬೇಸ್, ಅದಕ್ಕೆ ಬದಲಾಗಿ ಜಾಸ್ತಿ ಪವರ್. ಆಮೇಲೆ ಟ್ರಾನ್ಸಿಸ್ಟರ್ ಬಂದು ಪವರ್ ಅಗ್ಗವಾಯಿತು, ಸೆನ್ಸಿಟಿವಿಟಿ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಕಡಿಮೆಯಾದರು. ಕೆಎಲ್‌ಎಚ್ ಅನ್ನುವ ಸ್ಪೀಕರ್ ಕಂಪನಿಯ ಹೆಸರಲ್ಲಿ 'ಎಚ್' ಆಗಿದ್ದ ಆಂಟನ್ ಹಾಫ್‌ಮನ್ ಹೆಸರಲ್ಲಿ ಒಂದು ನಿಯಮವೇ ಇದೆ: ಚಿಕ್ಕ ಡಬ್ಬ, ಆಳವಾದ ಬೇಸ್, ಜಾಸ್ತಿ ಸೆನ್ಸಿಟಿವಿಟಿ, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು. ನಾನು ಡಬ್ಬ ದೊಡ್ಡದಾದರೂ ಪರವಾಗಿಲ್ಲ ಅಂತ ನಿರ್ಧರಿಸಿದೆ. ಮನೆಯವರನ್ನು ಒಪ್ಪಿಸಿದ್ದು ಬೇರೆಯೇ ಕಥೆ.

ಡೆಸಿಬಲ್ ನೋಡಿದರಷ್ಟೇ ಸಾಲದು, ಓಮ್ ಕೂಡ ನೋಡಬೇಕು. ನನ್ನ ಪ್ರಕಾರ ಓಮ್ ನೋಡುವುದೇ ದೊಡ್ಡ ಕೆಲಸ. ಮೊದಲು ಒಂದು ಸಣ್ಣ ಕಣ್ಕಟ್ಟು. ಸೆನ್ಸಿಟಿವಿಟಿಯನ್ನು ಸಾಮಾನ್ಯವಾಗಿ 2.83 ವೋಲ್ಟ್‌ಗೆ ಹೇಳುತ್ತಾರೆ. 8 ಓಮ್ ಸ್ಪೀಕರ್‌ಗೆ ಅದು ಒಂದು ವಾಟ್, 4 ಓಮ್‌ನದಕ್ಕೆ ಎರಡು ವಾಟ್. ಹಾಗಾಗಿ 4 ಓಮ್ ಸ್ಪೀಕರ್ ಮೇಲೆ 2.83 ವೋಲ್ಟ್‌ಗೆ 93 ಅಂತ ಬರೆದಿದ್ದರೆ ನಮ್ಮ ಲೆಕ್ಕಕ್ಕೆ ಅದು 90.

ಎರಡನೆಯದು, ಸ್ಪೀಕರ್‌ನ ಓಮ್ ಒಂದೇ ಕಡೆ ನಿಲ್ಲುವುದಿಲ್ಲ. ಸ್ವರ ಬದಲಾದ ಹಾಗೆ ಏರುತ್ತದೆ, ಇಳಿಯುತ್ತದೆ. ಟ್ರಾನ್ಸಿಸ್ಟರ್ ಆಂಪ್‌ಗೆ ಇದರಿಂದ ಅಂಥಾ ತೊಂದರೆಯಿಲ್ಲ. ಫೀಡ್‌ಬ್ಯಾಕ್ (ಔಟ್‌ಪುಟ್ ನೋಡಿಕೊಂಡು ತನ್ನನ್ನು ತಾನೇ ತಿದ್ದಿಕೊಳ್ಳುವ ಏರ್ಪಾಡು) ಇಲ್ಲದ ನನ್ನ ಆಂಪ್‌ನ ಒಳಗೇ ಎರಡೂವರೆ ಓಮ್ ಇದೆ. ಸ್ಪೀಕರ್‌ನ ಓಮ್ ಇಳಿದಷ್ಟೂ ಜಾಸ್ತಿ ವೋಲ್ಟ್ ಅಲ್ಲೇ ಉಳಿದುಬಿಡುತ್ತದೆ. 8 ಓಮ್ ಮತ್ತು 16 ಓಮ್ ರೆಸಿಸ್ಟರ್‌ಗಳನ್ನು ಒಂದಾದ ಮೇಲೊಂದು ಕಟ್ಟಿ, ವೋಲ್ಟ್ ಎಷ್ಟು ಬದಲಾಗುತ್ತದೆ ಅಂತ ನೋಡಿ ಇದನ್ನು ಲೆಕ್ಕ ಹಾಕಿದೆ. ಈಗ ಒಂದು ಸ್ಪೀಕರ್ ಎಲ್ಲೋ 3.2 ಓಮ್‌ಗೆ ಇಳಿದು, ಇನ್ನೆಲ್ಲೋ 20ಕ್ಕೆ ಏರಿದರೆ, ಆ ಎರಡು ಜಾಗಗಳ ನಡುವೆ ದನಿಯಲ್ಲಿ 4 ಡೆಸಿಬಲ್ ಏರುಪೇರು ಆಗುತ್ತದೆ. ಯಾರೋ ಟೋನ್ ಕಂಟ್ರೋಲ್ ತಿರುಗಿಸಿದ ಹಾಗೆ! ಅದೇ ಸ್ಪೀಕರನ್ನು ಆಂಪ್‌ನ 4 ಓಮ್ ಟ್ಯಾಪ್‌ಗೆ (4 ಓಮ್ ಸ್ಪೀಕರ್‌ಗೆಂದೇ ಇರುವ ಬೇರೆ ಟರ್ಮಿನಲ್) ಹಾಕಿದರೆ ಏರುಪೇರು ಎರಡು ಚಿಲ್ಲರೆಗೆ ಇಳಿಯುತ್ತದೆ.

ಬ್ರೋಷರ್‌ನಲ್ಲಿ ಈ ಗ್ರಾಫ್ ಇರುವುದು ಕಡಿಮೆ. ಹಾಗಾಗಿ ನೋಡಲು ಹೋದ ಕಡೆಯೆಲ್ಲ ಒಂದು 1000 ಓಮ್ ರೆಸಿಸ್ಟರ್ ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ. ಟ್ರಾನ್ಸಿಸ್ಟರ್ ಆಂಪ್‌ಗೂ ಸ್ಪೀಕರ್‌ಗೂ ನಡುವೆ ಅದನ್ನು ಸೀರೀಸ್‌ನಲ್ಲಿ ಹಾಕಿ, ಆಂಪ್‌ನಿಂದ 10 ವೋಲ್ಟ್ ಬರುವ ಹಾಗೆ ಮಾಡಿದರೆ, ಸ್ಪೀಕರ್ ತುದಿಯಲ್ಲಿ ಕಾಣುವ ಮಿಲಿವೋಲ್ಟನ್ನು ಹತ್ತರಿಂದ ಭಾಗಿಸಿದರೆ ಸುಮಾರಾಗಿ ಅದೇ ಓಮ್. 62 ಮಿಲಿವೋಲ್ಟ್ ಅಂದರೆ 6.2 ಓಮ್. ಫೋನ್‌ನಲ್ಲಿ ಟೋನ್ ಬದಲಾಯಿಸುತ್ತಾ ಹೋದರೆ ಗ್ರಾಫ್ ತಾನೇ ಮೂಡುತ್ತದೆ. ಅಗ್ಗದ ಮೀಟರ್‌ಗಳು ಮೇಲಿನ ಸ್ವರಗಳಲ್ಲಿ ಸುಳ್ಳು ಹೇಳುತ್ತವೆ. ಅದಕ್ಕೇ ಪ್ರತಿ ಸ್ವರದಲ್ಲೂ ಸ್ಪೀಕರ್ ಬದಲು 10 ಓಮ್ ರೆಸಿಸ್ಟರ್ ಹಾಕಿ ಒಮ್ಮೆ ತಾಳೆ ನೋಡಬೇಕು. ಮಾರುವವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಕೇಳಿದ್ದು ಹಲವು. ಮೊದಲನೆಯದು ಫೋಸ್ಟೆಕ್ಸ್ ಕಂಪನಿಯ 8 ಇಂಚಿನ ಫುಲ್‌ರೇಂಜ್, ಅಂದರೆ ಎಲ್ಲ ಸ್ವರವನ್ನೂ ಒಂದೇ ಕೋನ್ ನುಡಿಸುವಂಥದ್ದು, ಹಿಂಬದಿಯ ದನಿಯನ್ನು ಹಾರ್ನ್ ಮೂಲಕ ಬಿಡುವ ಬ್ಯಾಕ್ ಹಾರ್ನ್ ಡಬ್ಬದಲ್ಲಿ. ಸ್ವರಗಳನ್ನು ಹಂಚುವ ಕ್ರಾಸ್‌ಓವರ್ ಇಲ್ಲ, 96 ಡೆಸಿಬಲ್, ಕಾಗದದಲ್ಲಿ ಹೇಳಿ ಮಾಡಿಸಿದ ಜೋಡಿ. ವೀಣೆಯ ಮೀಟು ಎದುರಿಗೇ ಕೂತು ಕೇಳಿದ ಹಾಗಿತ್ತು. ಪಿಟೀಲು ತಾರಸ್ಥಾಯಿಗೆ ಹೋದಾಗ ಮಾತ್ರ ಕಿವಿಗೆ ಚುಚ್ಚಿತು. ತಲೆ ಒಂದಡಿ ಸರಿಸಿದರೆ ಮೇಲಿನ ಸ್ವರಗಳೇ ಮಾಯ. ಇದಕ್ಕೆ ಪೂರ್ತಿ ವಿರುದ್ಧ ಬಿಬಿಸಿಯ ಎಲ್‌ಎಸ್3/5ಎ. ಬರೀ 83 ಡೆಸಿಬಲ್, ಲೆಕ್ಕದ ಪ್ರಕಾರ ನನ್ನ ಆಂಪ್ ಹತ್ತಿರವೂ ಸುಳಿಯಬಾರದು. ಆದರೆ ಹಳೆಯ ಮಾದರಿಯದು 15 ಓಮ್, ಹಾಗಾಗಿ ಆಂಪ್‌ನ ಎರಡೂವರೆ ಓಮ್ ಅಷ್ಟಾಗಿ ಕಾಡುವುದಿಲ್ಲ. ಚಿಕ್ಕ ಕೋಣೆಯಲ್ಲಿ, ಹತ್ತಿರ ಕೂತು, ಮೆಲುದನಿಯಲ್ಲಿ ಕೇಳಿದರೆ ಮನುಷ್ಯರ ಕಂಠ ಅಷ್ಟು ನಿಜವಾಗಿ ಬೇರೆಲ್ಲೂ ಬರಲಿಲ್ಲ. ರಾತ್ರಿ ಹೊತ್ತು ಮಾತ್ರ ಕೇಳುವವನಾಗಿದ್ದರೆ ಅಲ್ಲೇ ನಿಲ್ಲುತ್ತಿದ್ದೆ.

ಕೊನೆಗೆ ಉಳಿದದ್ದು ಸಭೆ-ಸಮಾರಂಭಗಳ ಪಿಎ ಸ್ಪೀಕರ್‌ಗಳಲ್ಲಿ ಬಳಸುವ 12 ಇಂಚಿನ ಕೋಯಾಕ್ಸಿಯಲ್. ಕಾಗದದ ಕೋನ್, ನಡುವೆ ಪುಟ್ಟ ಹಾರ್ನ್, ಕೆಳಗಿನ ಸ್ವರ ನುಡಿಸುವ ವೂಫರ್ 96 ಡೆಸಿಬಲ್. ಮನೆಗೆ ಇಂಥದ್ದು ಬೇಡ, ಬೇಸ್ ತೆಳು ಅಂತ ಹೇಳುತ್ತಾರೆ. ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಅದು ನಿಜ, ಯಾಕಂದರೆ ಇವುಗಳ ಮ್ಯಾಗ್ನೆಟ್ ದೊಡ್ಡದು, ಕೋನನ್ನು ಬಿಗಿಯಾಗಿ ಹಿಡಿಯುತ್ತದೆ. ಈ ಹಿಡಿತದ ಅಳತೆಗೆ ಕ್ಯೂಟಿಎಸ್ ಅನ್ನುತ್ತಾರೆ, ಸಂಖ್ಯೆ ಕಡಿಮೆಯಾದಷ್ಟೂ ಹಿಡಿತ ಬಿಗಿ. ನನ್ನ ವೂಫರ್‌ನದು 0.3. ಆಂಪ್‌ನ ಒಳಗಿನ ಎರಡೂವರೆ ಓಮ್ ಸೇರಿಕೊಂಡಾಗ ಅದು ಸುಮಾರು 0.42 ಇದ್ದ ಹಾಗೆ ನಡೆದುಕೊಳ್ಳುತ್ತದೆ. ಹಿಡಿತ ಸ್ವಲ್ಪ ಸಡಿಲವಾಗಿ ಬೇಸ್ ತುಂಬಿಕೊಳ್ಳುತ್ತದೆ. ಏರುಪೇರಿಗೆ ಕಾರಣವಾಗುವ ಅದೇ ಎರಡೂವರೆ ಓಮ್ ಇಲ್ಲಿ ಕೆಲಸಕ್ಕೆ ಬಂತು. ಡಬ್ಬದ ಅಳತೆ ಹಾಕುವಾಗ ಈ ಎರಡನೇ ಸಂಖ್ಯೆಯನ್ನೇ ಹಿಡಿಯಬೇಕು.

18 ಮಿಲಿಮೀಟರ್ ಪ್ಲೈವುಡ್‌ನಲ್ಲಿ 90 ಲೀಟರ್ ಡಬ್ಬ, 50 ಹರ್ಟ್ಜ್‌ಗೆ ಟ್ಯೂನ್ ಮಾಡಿದ ಪೋರ್ಟ್ (ಬೇಸ್‌ಗೆ ನೆರವಾಗುವ ಗಾಳಿ ಕಿಂಡಿ). ಅಳತೆ ನೋಡಿದ ಬಡಗಿ, "ಸಾರ್, ಇದಕ್ಕೆ ಬಾಗಿಲು ಎಲ್ಲಿ ಇಡ್ಲಿ?" ಅಂತ ಕೇಳಿದರು. ಬೀರು ಅಂದುಕೊಂಡಿದ್ದರು. ಹಾರ್ನ್ ವೂಫರ್‌ಗಿಂತ ತುಂಬಾ ಜೋರು ಇದ್ದದ್ದರಿಂದ ಅದಕ್ಕೆ ಎರಡು ರೆಸಿಸ್ಟರ್‌ಗಳ ಎಲ್-ಪ್ಯಾಡ್ ಹಾಕಿ ತಗ್ಗಿಸಿದೆ. ಅದರಿಂದ ಮೇಲಿನ ಸ್ವರಗಳಲ್ಲಿ ಓಮ್ ಗೆರೆಯೂ ಸಪಾಟಾಯಿತು.

ಒಂದು ಕಿರಿಕಿರಿಗೆ ತಯಾರಾಗಿರಿ. 86ರ ಸ್ಪೀಕರ್‌ನಲ್ಲಿ ಕೇಳಿಸದ ಗುಂಯ್ ಸದ್ದು 96ರದ್ದರಲ್ಲಿ ಸೋಫಾವರೆಗೂ ಬರುತ್ತದೆ. 2ಎ3ಯ ಫಿಲಮೆಂಟ್‌ಗೆ (ವಾಲ್ವ್‌ನ ಒಳಗೆ ಕಾಯುವ ತಂತಿ) ನೇರವಾಗಿ 2.5 ವೋಲ್ಟ್ ಎಸಿ ಕೊಡುವ ಆಂಪ್‌ಗಳಲ್ಲಿ ಇದು ಇದ್ದದ್ದೇ. ಸ್ಪೀಕರ್ ಟರ್ಮಿನಲ್‌ಗೆ ಮೀಟರ್ ಹಿಡಿದು, ಈ ಸದ್ದು ತಗ್ಗಿಸಲೆಂದೇ ಇರುವ ಹಮ್ ಪಾಟ್ ಅನ್ನುವ ತಿರುಗುಗುಂಡಿಯನ್ನು ನಿಧಾನಕ್ಕೆ ತಿರುಗಿಸಿ, ಎರಡು ಮಿಲಿವೋಲ್ಟ್‌ಗಿಂತ ಕೆಳಗೆ ತಂದೆ. ಪಾಟ್ ಆಂಪ್‌ನ ಒಳಗಿದ್ದರೆ ಎಚ್ಚರ, ಅಲ್ಲಿ ಜೀವ ತೆಗೆಯುವಷ್ಟು ವೋಲ್ಟ್ ಇರುತ್ತದೆ. ಅಭ್ಯಾಸ ಇಲ್ಲದಿದ್ದರೆ ಬಲ್ಲವರ ಕೈಯಲ್ಲೇ ಮಾಡಿಸಿ.

50 ಹರ್ಟ್ಜ್ ಕೆಳಗೆ ನನ್ನ ಸ್ಪೀಕರ್‌ನಲ್ಲಿ ಏನೂ ಇಲ್ಲ. ಪೈಪ್ ಆರ್ಗನ್, ಈಗಿನ ಸಿನಿಮಾದ ಗುಡುಗು, ಇವುಗಳಿಗೆ ಇದು ಆಗುವುದಿಲ್ಲ. ಗಂಡಸರ ಶ್ರುತಿಯ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿಯೇ 65-70 ಹರ್ಟ್ಜ್ ಹತ್ತಿರ ನಿಲ್ಲುತ್ತದೆ. ನಾನು ಕೇಳುವುದು ಮುಕ್ಕಾಲು ಪಾಲು ಕರ್ನಾಟಕ ಸಂಗೀತ, ಉಳಿದದ್ದು ಹಳೆಯ ಚಿತ್ರಗೀತೆ. ಸಬ್‌ವೂಫರ್ ಸೇರಿಸು ಅಂತ ಸ್ನೇಹಿತರು ಹೇಳುತ್ತಲೇ ಇದ್ದಾರೆ. ಸದ್ಯಕ್ಕೆ ಆ ಜಾಗದಲ್ಲಿ ಕುರ್ಚಿ ಇದೆ.